ಬಿ1 ಅಂತ ಎಂಜಿನ್ ಹೇಳಿತು, ಯಾಕೆ ಅಂತ ಹೇಳಲಿಲ್ಲ

ನಮ್ಮ ಕಾಲೇಜಿನ ಚೆಸ್ ಗ್ರೂಪ್‌ನಲ್ಲಿ ಪ್ರತಿ ಶನಿವಾರ ಒಂದು ಪಜಲ್ ಬರುತ್ತೆ. ಈ ಸೆಮಿಸ್ಟರ್‌ನಿಂದ ರಾಜ ಮತ್ತು ಪಾನ್‌ಗಳು ಮಾತ್ರ ಉಳಿದಿರುವ ಎಂಡ್‌ಗೇಮ್‌ಗಳನ್ನು ಅದರಿಂದ ಕೈಬಿಡಬೇಕು ಅನ್ನೋ ಮಾತು ಎದ್ದಿದೆ. ಪಜಲ್ ಹಾಕಿ ಎರಡು ನಿಮಿಷ ಆಗೋದ್ರೊಳಗೆ ಯಾರಾದರೂ ಸ್ಟಾಕ್‌ಫಿಶ್ ಸ್ಕ್ರೀನ್‌ಶಾಟ್ ಹಾಕ್ತಾರೆ, ಅದರ ಕೆಳಗೆ ಹತ್ತು ಹೆಬ್ಬೆರಳು ಬೀಳುತ್ತೆ, ಅಲ್ಲಿಗೆ ಕಥೆ ಮುಗೀತು. "ಮೆಷಿನ್ ಒಂದು ಸೆಕೆಂಡಲ್ಲಿ ಬಿಡಿಸೋದನ್ನ ನಾವು ಅರ್ಧ ಗಂಟೆ ಕೂತು ಯಾಕೆ ಬಿಡಿಸಬೇಕು?" ಅಂತ ಸೀನಿಯರ್ ಒಬ್ಬರು ಕೇಳಿದರು. ಅವರು ತಮಾಷೆಗೆ ಕೇಳಿದ್ದಲ್ಲ. ಗ್ರೂಪ್‌ನಲ್ಲಿ ಟೈಪ್ ಮಾಡಿದರೆ ಮೀಮ್‌ಗಳ ಮಧ್ಯೆ ಕಳೆದುಹೋಗುತ್ತೆ ಅಂತ ಇಲ್ಲಿ ಬರೀತಿದ್ದೀನಿ. ನನ್ನ ಮಟ್ಟಿಗೆ ಪಜಲ್ ಇರಬೇಕು, ಸ್ಕ್ರೀನ್‌ಶಾಟ್ ಹೋಗಬೇಕು. ಅದರಲ್ಲೂ ನಮ್ಮಂಥ ಕಾಲೇಜಿನಲ್ಲಿ, ಎಂಜಿನ್ ಒಳಗೆ ಏನಿದೆ ಅಂತ ಓದ್ತಾ ಇರೋ ಜನರ ಮಧ್ಯೆ, ಈ ಪಜಲ್‌ಗಳು ಇರಲೇಬೇಕು.

ಸುಮ್ಮನೆ ಮಾತಾಡೋದಕ್ಕಿಂತ ಒಂದು ಪೊಸಿಷನ್ ನೋಡೋಣ. ಮೊಬೈಲ್‌ನಲ್ಲೋ ಬೋರ್ಡ್ ಮೇಲೋ ಜೋಡಿಸಿಕೊಳ್ಳಿ. ಬಿಳಿ ರಾಜ ಎ1, ಬಿಳಿ ಪಾನ್‌ಗಳು ಎ4, ಡಿ4, ಡಿ5, ಎಫ್4. ಕಪ್ಪು ರಾಜ ಎ7, ಕಪ್ಪು ಪಾನ್‌ಗಳು ಎ5, ಡಿ6, ಎಫ್5. ಬಿಳಿ ಆಡಿ ಗೆಲ್ಲಬೇಕು. ಇದಕ್ಕೆ ಲಾಸ್ಕರ್–ರೈಖೆಲ್ಮ್ ಪೊಸಿಷನ್ ಅಂತ ಹೆಸರು, 1901ರ ಕಾಲದ್ದು. ಲಾಸ್ಕರ್ ಆಗ ವಿಶ್ವ ಚಾಂಪಿಯನ್. ರೂಬೆನ್ ಫೈನ್ 1941ರಲ್ಲಿ ಬರೆದ ಎಂಡ್‌ಗೇಮ್ ಪುಸ್ತಕದಲ್ಲಿ ಇದು 70ನೇ ಚಿತ್ರ, ಹಾಗಾಗಿ ಚೆಸ್ ಪ್ರೋಗ್ರಾಂ ಬರೆಯೋರೆಲ್ಲ ಇದನ್ನು 'ಫೈನ್ 70' ಅಂತಲೇ ಕರೀತಾರೆ.

ಗಮನಿಸಿ, ಇಲ್ಲಿ ಒಂದು ಪಾನ್ ಕೂಡ ಅಲ್ಲಾಡಲ್ಲ. ಎಲ್ಲವೂ ಮುಖಾಮುಖಿ ನಿಂತು ಲಾಕ್ ಆಗಿವೆ. ಓಡಾಡೋದು ಎರಡು ರಾಜರು ಮಾತ್ರ. ಇಷ್ಟೇ ಇದ್ದರೂ ಬಿಳಿಗೆ ಗೆಲ್ಲಿಸುವ ಮೊದಲ ನಡೆ ಒಂದೇ ಒಂದು: ರಾಜ ಬಿ1. ನೇರವಾಗಿ ಮುಂದೆ ನುಗ್ಗೋಣ ಅಂತ ಬಿ2ಗೆ ಹೋದರೆ ಕಪ್ಪು ರಾಜ ಎ8ರ ಮೂಲೆಗೆ ಹೋಗಿ ಕೂರುತ್ತಾನೆ, ಆಟ ಡ್ರಾ. ಎದುರಾಳಿ ಮೂಲೆಗೆ ಓಡಿ ಬಚಾವ್ ಆಗ್ತಾನೆ ಅನ್ನೋದೇ ಮೊದಲ ಸಲ ನೋಡಿದವರಿಗೆ ನಂಬೋಕೆ ಆಗಲ್ಲ.

ಸ್ಟಾಕ್‌ಫಿಶ್ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ 'ಬಿ1' ಅನ್ನುತ್ತೆ. ಆದರೆ ಆ ಉತ್ತರದಿಂದ ನಿಮಗೆ ಸಿಕ್ಕಿದ್ದೇನು? ಕಪ್ಪು ರಾಜನನ್ನು ಎ7 ಬದಲು ಬಿ8ರಲ್ಲಿ ಇಟ್ಟರೆ ಏನಾಗುತ್ತೆ ಅಂತ ಕೇಳಿದರೆ ಮತ್ತೆ ಮೊಬೈಲ್ ತೆಗೀಬೇಕು.

ಈಗ ಕೈಯಲ್ಲೇ ಮಾಡೋಣ. ಬಿಳಿ ರಾಜ ಒಳಗೆ ನುಗ್ಗೋಕೆ ಎರಡು ಬಾಗಿಲು. ಎಡಗಡೆ ಸಿ4ರಿಂದ ಬಿ5ಕ್ಕೆ ಹೋಗಿ ಎ5 ಪಾನ್ ತಿನ್ನೋದು. ಬಲಗಡೆ ಜಿ3, ಎಚ್4 ದಾಟಿ ಜಿ5ಕ್ಕೆ ಬಂದು ಎಫ್5 ಪಾನ್ ತಿನ್ನೋದು. ಎರಡು ಬಾಗಿಲಿಗೂ ಕಪ್ಪು ರಾಜ ಒಬ್ಬನೇ ಕಾವಲು. ಬಿಳಿ ಸಿ4ಕ್ಕೆ ಬಂದಾಗ ಕಪ್ಪು ಬಿ6ರಲ್ಲಿ ಇರಬೇಕು. ಎ6ರಲ್ಲಿದ್ದರೂ ಎಡಬಾಗಿಲು ಮುಚ್ಚುತ್ತೆ, ಆದರೆ ಬಲಬಾಗಿಲು ದೂರ ಆಗುತ್ತೆ: ಬಿಳಿಗೆ ಸಿ4ರಿಂದ ಎಚ್4ಕ್ಕೆ ಐದು ಹೆಜ್ಜೆ, ಅದನ್ನು ತಡೆಯೋಕೆ ಕಪ್ಪು ಆ ಹೊತ್ತಿಗೆ ಜಿ6ಕ್ಕೆ ತಲುಪಬೇಕು. ಬಿ6ರಿಂದ ಅದು ಐದೇ ಹೆಜ್ಜೆ, ಎ6ರಿಂದ ಆರು. ಸಿ6 ಮೇಲೆ ಡಿ5 ಪಾನ್ ಕಣ್ಣಿಟ್ಟಿರೋದರಿಂದ ಶಾರ್ಟ್‌ಕಟ್ ಕೂಡ ಇಲ್ಲ.

ಹಾಗಾದರೆ ಸಿ4–ಬಿ6 ಒಂದು ಜೋಡಿ. ಬಿಳಿ ಡಿ3ರಲ್ಲಿದ್ದರೆ? ಕಪ್ಪು ಬಿ6ಕ್ಕೆ ಒಂದು ಹೆಜ್ಜೆ, ಜಿ6ಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿರಬೇಕು. ಅಂಥ ಮನೆ ಸಿ7 ಮಾತ್ರ. ಬಿಳಿ ಸಿ3ರಲ್ಲಿದ್ದರೆ ಮುಂದೆ ಸಿ4ಕ್ಕೂ ಹೋಗಬಹುದು, ಡಿ3ಕ್ಕೂ ಹೋಗಬಹುದು. ಆದ್ದರಿಂದ ಕಪ್ಪು ಬಿ6 ಮತ್ತು ಸಿ7 ಎರಡಕ್ಕೂ ತಾಗಿರುವ ಮನೆಯಲ್ಲಿ ಇರಬೇಕು, ಅಂದ್ರೆ ಬಿ7. ಹೀಗೇ ಹಿಂದಕ್ಕೆ ಬರ್ತಾ ಹೋಗಿ: ಡಿ2–ಸಿ8, ಸಿ2–ಬಿ8, ಡಿ1–ಸಿ7, ಸಿ1–ಬಿ7. ಕೊನೆಗೆ ಬಿ1. ಅಲ್ಲಿಂದ ಬಿಳಿ ರಾಜ ಬಿ2, ಸಿ1, ಸಿ2ಗೆ ಹೋಗಬಹುದು. ಅವಕ್ಕೆ ಕಪ್ಪಿನ ಉತ್ತರ ಎ8, ಬಿ7, ಬಿ8. ಈ ಮೂರಕ್ಕೂ ತಾಗಿರುವ ಮನೆ ಎ7. (ಬಿ2ಗೆ ಸಿ8 ಕೂಡ ಉತ್ತರ ಆಗೋದ್ರಿಂದ ಬಿ1ಗೆ ಸಿ7 ಸಹ ನಡೆಯುತ್ತೆ, ಆದರೆ ಅದು ಎ7ರಿಂದ ಎರಡು ಹೆಜ್ಜೆ.) ಕಪ್ಪು ರಾಜ ಈಗಾಗಲೇ ಎ7ರಲ್ಲೇ ನಿಂತಿದ್ದಾನೆ! ಬಿಳಿ ಬಿ1ಗೆ ಬಂದ ತಕ್ಷಣ ಅವನು ಇರಬೇಕಾದ ಮನೆಯಲ್ಲೇ ಇದ್ದಾನೆ, ಆದರೆ ಸರದಿ ಅವನದು, ಅಲ್ಲಿಂದ ಎದ್ದು ಹೋಗಲೇಬೇಕು.

ಇದಕ್ಕೆ ಜರ್ಮನ್ ಹೆಸರು ಝುಗ್‌ಝ್ವಾಂಗ್. ಕನ್ನಡದಲ್ಲಿ ಒಂದು ಪದ ಹುಡುಕಿ ಸೋತೆ, ಆದರೆ ಅನುಭವ ನಮಗೆ ಹೊಸದಲ್ಲ. ಚೌಕಾಬಾರದಲ್ಲಿ ಗೀಟು ಹಾಕಿದ ಮನೆಯಲ್ಲಿ ಕಾಯಿ ಹಾಯಾಗಿ ಕೂತಿರುತ್ತೆ, ಬೇರೆ ಯಾವ ಕಾಯಿಯೂ ನಡೆಯಲ್ಲ, ಬಿದ್ದ ಗರಕ್ಕೆ ಅದನ್ನೇ ಎಬ್ಬಿಸಬೇಕು. ಅಜ್ಜಿ ಎದುರು ಕೂತು ನಗ್ತಾ ಇರ್ತಾರೆ. ಅದೇ ಇದು.

ಈ ಜೋಡಿಗಳ ಪಟ್ಟಿಯನ್ನು ನಾನು ಹಾಸ್ಟೆಲ್‌ನಲ್ಲಿ ನೋಟ್‌ಬುಕ್ ಹಿಂದಿನ ಪುಟದಲ್ಲಿ ಬರೀತಿದ್ದಾಗ ರೂಮ್‌ಮೇಟ್ ಬಗ್ಗಿ ನೋಡಿದ. ಅವನಿಗೆ ಕುದುರೆ ಹೇಗೆ ನಡೆಯುತ್ತೆ ಅನ್ನೋದೇ ಅರ್ಧಂಬರ್ಧ ಗೊತ್ತು. "ಇದು ಗ್ರಾಫ್ ಅಲ್ವೇನೋ, ಎರಡು ಟೋಕನ್ ಇಟ್ಕೊಂಡು ಆಡೋದು" ಅಂದ. ಹೌದು, ಅಷ್ಟೇ. ಚೆಸ್ ಬರದವನಿಗೆ ಹತ್ತು ನಿಮಿಷದಲ್ಲಿ ಅರ್ಥವಾಯ್ತು, ಚೆಸ್ ಬರುವ ನಮ್ಮ ಗ್ರೂಪ್‌ನಲ್ಲಿ ಅದು ಬರೀ ಒಂದು ಬಾಣದ ಗುರುತಾಗಿ ಉಳಿಯಿತು. ಸ್ಕ್ರೀನ್‌ಶಾಟ್ ಮೇಲೆ ನನಗಿರೋ ಸಿಟ್ಟಿಗೆ ಕಾರಣ ಇದು.

ಈ ವಿಷಯದ ಮೇಲೆ ಒಂದಿಡೀ ಪುಸ್ತಕ ಬರೆದವರು ಯಾರು ಗೊತ್ತಾ? ಮಾರ್ಸೆಲ್ ದ್ಯುಶಾಂ, 1917ರಲ್ಲಿ ಮೂತ್ರದ ಬೋಗುಣಿಯನ್ನು ಕಲಾಪ್ರದರ್ಶನಕ್ಕೆ ಕಳಿಸಿದ ಅದೇ ಕಲಾವಿದ. 1932ರಲ್ಲಿ ಹಾಲ್ಬರ್‌ಸ್ಟಾಟ್ ಜೊತೆ ಸೇರಿ ಜೋಡಿ ಮನೆಗಳ ಬಗ್ಗೆ ಬರೆದರು. ಆಗ ಕಂಪ್ಯೂಟರ್ ಎಲ್ಲಿತ್ತು?

ಇನ್ನು ಎಂಜಿನ್ ಇದನ್ನು ಹೇಗೆ ಬಿಡಿಸುತ್ತೆ ಅನ್ನೋದಕ್ಕೆ ಬರೋಣ. ನನಗಂತೂ ಉತ್ತರಕ್ಕಿಂತ ಇದೇ ರುಚಿ. ಒಬ್ಬೊಬ್ಬ ರಾಜನಿಗೆ ಪ್ರತಿ ಸಲ ಸರಾಸರಿ ಐದು ನಡೆ ಅಂತಿಟ್ಟುಕೊಳ್ಳಿ. ಎರಡೂ ಕಡೆ ಸೇರಿ 20 ನಡೆ ಮುಂದೆ ನೋಡಿದರೆ 5ರ 20ನೇ ಘಾತ, ಅಂದ್ರೆ ಸುಮಾರು 95 ಲಕ್ಷ ಕೋಟಿ ದಾರಿಗಳು. ಆದರೆ ಪಾನ್‌ಗಳು ಅಲ್ಲಾಡದೆ ಇರುವಷ್ಟು ಹೊತ್ತು ಇರೋ ಪೊಸಿಷನ್‌ಗಳೇ ಎಷ್ಟು? ಬಿಳಿ ರಾಜನಿಗೆ 64 ಮನೆ, ಕಪ್ಪು ರಾಜನಿಗೆ 63, ಸರದಿ ಯಾರದು ಅನ್ನೋದಕ್ಕೆ 2. ಗುಣಿಸಿದರೆ 8064. ಇದೂ ಗರಿಷ್ಠ ಲೆಕ್ಕ, ನಿಜವಾಗಿ ಇನ್ನೂ ಕಡಿಮೆ. ಲಕ್ಷ ಕೋಟಿಗಟ್ಟಲೆ ದಾರಿಗಳು ಸುತ್ತಿ ಸುತ್ತಿ ಇದೇ ಎಂಟು ಸಾವಿರದೊಳಗೆ ಬರುತ್ತವೆ. ಒಮ್ಮೆ ನೋಡಿದ್ದನ್ನು ಬರೆದಿಟ್ಟುಕೊಂಡರೆ ಮತ್ತೆ ನೋಡೋ ಕೆಲಸ ಇಲ್ಲ. ಹಾಗೆ ಬರೆದಿಡೋ ಜಾಗಕ್ಕೆ ಟ್ರಾನ್ಸ್‌ಪೊಸಿಷನ್ ಟೇಬಲ್ ಅಂತಾರೆ. ನಾವು ಡೈನಾಮಿಕ್ ಪ್ರೋಗ್ರಾಮಿಂಗ್‌ನಲ್ಲಿ ಮೆಮೊಯೈಸೇಷನ್ ಅಂತ ಓದಿ, ಫಿಬೊನಾಚಿ ಬಿಟ್ಟು ಬೇರೆ ಉದಾಹರಣೆ ಇಲ್ಲದೆ ಮರೆಯೋದು ಇದನ್ನೇ. ಈ ಟೇಬಲ್ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ಪರೀಕ್ಷಿಸೋಕೆ ಪ್ರೋಗ್ರಾಂ ಬರೆಯೋರು ಹಿಂದಿನಿಂದಲೂ ಫೈನ್ 70 ಓಡಿಸಿ ನೋಡ್ತಾರೆ.

ಇನ್ನೊಂದು ವಿಷಯ ನನಗೆ ಇನ್ನೂ ಇಷ್ಟ. ಎಂಜಿನ್‌ಗಳು ವೇಗಕ್ಕಾಗಿ ನಲ್ ಮೂವ್ ಅನ್ನೋ ಟ್ರಿಕ್ ಮಾಡ್ತವೆ. 'ನಾನು ಈ ಸರದಿ ಪಾಸ್ ಮಾಡಿದರೂ ನನ್ನ ಸ್ಥಿತಿ ಚೆನ್ನಾಗಿದೆಯಾ? ಹಾಗಾದರೆ ಈ ಕೊಂಬೆಯನ್ನು ಇನ್ನು ಆಳವಾಗಿ ನೋಡೋದು ಬೇಡ' ಅನ್ನೋ ತರ್ಕ. ಚೆಸ್‌ನಲ್ಲಿ ಸಾಮಾನ್ಯವಾಗಿ ಸುಮ್ಮನೆ ಕೂರೋದಕ್ಕಿಂತ ಏನಾದರೂ ಆಡೋದು ಮೇಲು, ಹಾಗಾಗಿ ಇದು ಹೆಚ್ಚಿನ ಸಲ ಸರಿ. ಆದರೆ ರಾಜ–ಪಾನ್ ಎಂಡ್‌ಗೇಮ್‌ನಲ್ಲಿ ಪಾಸ್ ಮಾಡೋ ಅವಕಾಶ ಇದ್ದಿದ್ದರೆ ಎ7ರ ಆ ಬಡ ರಾಜ ಎದ್ದೇ ಹೋಗ್ತಿರಲಿಲ್ಲ! ತರ್ಕ ಪೂರ್ತಿ ತಲೆಕೆಳಗು. ಅದಕ್ಕೇ ಆಡುವವನ ಬಳಿ ರಾಜ ಮತ್ತು ಪಾನ್ ಬಿಟ್ಟು ಬೇರೆ ಕಾಯಿ ಇಲ್ಲದಿದ್ದರೆ ಆ ಟ್ರಿಕ್ ಬಳಸಬೇಡ ಅಂತ ಸ್ಟಾಕ್‌ಫಿಶ್ ಕೋಡ್‌ನಲ್ಲೇ ಶರತ್ತು ಇದೆ. ಓಪನ್ ಸೋರ್ಸ್, ಯಾರು ಬೇಕಾದರೂ ನೋಡಬಹುದು. ಇಂಥ ಎಂಡ್‌ಗೇಮ್‌ಗಳು ಬೇರೆ ಜಾತಿಯವು ಅಂತ ಮನುಷ್ಯರು ಮೊದಲು ಅರ್ಥ ಮಾಡಿಕೊಂಡು ಮೆಷಿನ್‌ಗೆ ಹೇಳಿಕೊಟ್ಟಿದ್ದಾರೆ.

ಟೇಬಲ್‌ಬೇಸ್ ಇದೆಯಲ್ಲ ಅಂತ ಕೇಳಬಹುದು. ಇದೆ. ರಾಜರೂ ಸೇರಿ ಏಳು ಕಾಯಿಗಳವರೆಗಿನ ಪೊಸಿಷನ್‌ಗಳಿಗೆ ಗೆಲುವೋ ಸೋಲೋ ಡ್ರಾವೋ ಅಂತ ಖಚಿತ ಉತ್ತರ ಇರುವ ಸಿಜಿಜಿ ಟೇಬಲ್‌ಬೇಸ್ 2018ರಲ್ಲಿ ಪೂರ್ತಿಯಾಯಿತು, ಹದಿನಾರು ಟೆರಾಬೈಟ್‌ಗೂ ಹೆಚ್ಚು ಡೇಟಾ. ಅದನ್ನು ಕಟ್ಟಿದ್ದು ಹೇಗೆ? ಆಟ ಮುಗಿದ ಪೊಸಿಷನ್‌ನಿಂದ ಹಿಂದೆ ಹಿಂದೆ ಬರ್ತಾ. ನಾವು ಈಗ ಸಿ4–ಬಿ6ರಿಂದ ಶುರು ಮಾಡಿ ಬಿ1ರವರೆಗೆ ಬಂದೆವಲ್ಲ, ಅದರ ದೊಡ್ಡಣ್ಣ. ಅಂದ ಹಾಗೆ ನಮ್ಮ ಪೊಸಿಷನ್‌ನಲ್ಲಿ ಒಂಬತ್ತು ಕಾಯಿ, ಆ ಹದಿನಾರು ಟೆರಾಬೈಟ್‌ನಲ್ಲಿ ಇದು ಇಲ್ಲ. ನೋಟ್‌ಬುಕ್ ಹಿಂದಿನ ಪುಟದಲ್ಲಿ ಇದೆ.

ಪರೀಕ್ಷೆಗೆ ಬರಲ್ಲ, ಟೂರ್ನಮೆಂಟ್‌ಗಾದರೂ ಉಪಯೋಗ ಇದೆಯಾ ಅನ್ನೋರಿಗೆ 2024ರ ಡಿಸೆಂಬರ್ 12 ನೆನಪಿಸ್ತೀನಿ. ಸಿಂಗಾಪುರದಲ್ಲಿ ಗುಕೇಶ್ ಮತ್ತು ಡಿಂಗ್ ಲಿರೆನ್ ನಡುವೆ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ. ಸ್ಕೋರ್ 6.5–6.5. ಇಬ್ಬರ ಬಳಿಯೂ ಒಂದೊಂದು ರೂಕ್, ಒಂದೊಂದು ಬಿಷಪ್, ಗುಕೇಶ್‌ಗೆ ಒಂದು ಪಾನ್ ಹೆಚ್ಚು. 55ನೇ ನಡೆಯಲ್ಲಿ ಡಿಂಗ್ ರೂಕನ್ನು ಎಫ್2ಗೆ ಇಟ್ಟರು. ರೂಕ್‌ಗಳು ಹೊಡೆದಾಡಿಕೊಂಡು ಹೋದವು, ಎ8ರ ಮೂಲೆಯಲ್ಲಿದ್ದ ಡಿಂಗ್ ಬಿಷಪ್‌ಗೆ ಎದುರಾಗಿ ಗುಕೇಶ್ ತಮ್ಮ ಬಿಷಪ್ಪನ್ನು ಡಿ5ಕ್ಕೆ ತಂದರು, ಅದೂ ಹೋಯಿತು. ಉಳಿದಿದ್ದು ರಾಜ ಮತ್ತು ಪಾನ್‌ಗಳು. 58ನೇ ನಡೆಗೆ ಡಿಂಗ್ ಸೋಲೊಪ್ಪಿಕೊಂಡರು. ನೇರಪ್ರಸಾರ ನೋಡ್ತಿದ್ದ ನಮಗೆಲ್ಲ ಪಕ್ಕದ ಬಾರ್ ಕುಸಿದು ವಿಷಯ ಗೊತ್ತಾಯಿತು. ಗುಕೇಶ್ ಮುಂದೆ ಬಾರ್ ಇರಲಿಲ್ಲ. ಎಲ್ಲ ಕಾಯಿ ಹೋದ ಮೇಲೆ ಉಳಿಯೋದು ಗೆಲುವಾ ಡ್ರಾನಾ ಅನ್ನೋದನ್ನು ಹದಿನೆಂಟು ವರ್ಷದ ಆ ಹುಡುಗ ತಲೆಯಲ್ಲೇ ನಿರ್ಧರಿಸಬೇಕಿತ್ತು. ಅವರ ಕೋಚ್ ವಿಷ್ಣು ಪ್ರಸನ್ನ, ಗುಕೇಶ್ ರೇಟಿಂಗ್ 2500ರ ಹತ್ತಿರ ಬರುವವರೆಗೆ ಎಂಜಿನ್ ಮುಟ್ಟೋಕೆ ಬಿಟ್ಟಿರಲಿಲ್ಲ ಅನ್ನೋದು ಆಗ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಇದೊಂದರಿಂದಲೇ ಚಾಂಪಿಯನ್ ಆದರು ಅಂತ ನಾನು ಹೇಳ್ತಿಲ್ಲ. 2500 ಎಲ್ಲಿ, ನಮ್ಮ ಗ್ರೂಪಿನ 1400 ಎಲ್ಲಿ. ಆದರೆ 2500 ಇರುವವರಿಗೇ ಅಷ್ಟು ದಿನ ಬೇಡವಾಗಿದ್ದು ನಮಗೆ ಎರಡನೇ ನಿಮಿಷಕ್ಕೇ ಬೇಕಾ?

ಎಂಜಿನ್ ವಿರೋಧಿ ಅಂತ ನನಗೆ ಹಣೆಪಟ್ಟಿ ಹಚ್ಚಬೇಡಿ. ಜೋಡಿ ಮನೆಗಳ ಪಟ್ಟಿ ಸುಲಭವಾಗಿ ನಡೆಯೋದು ಪಾನ್‌ಗಳು ಲಾಕ್ ಆದಾಗ ಮಾತ್ರ. ಎರಡು ಕಡೆಯೂ ಒಂದೆರಡು ಪಾನ್ ನಡೆ ಬಾಕಿ ಇದ್ದರೆ ಯಾರು ಯಾವಾಗ ಅದನ್ನು ಖರ್ಚು ಮಾಡ್ತಾರೆ ಅನ್ನೋ ಲೆಕ್ಕದಲ್ಲಿ ಪಟ್ಟಿ ಹರಿದು ಹೋಗುತ್ತೆ, ಅಲ್ಲಿ ಎಂಜಿನ್ ಬೇಕೇ ಬೇಕು. ದೊಡ್ಡವರು ಕಟ್ಟಿದ ಹಳೆಯ ಎಂಡ್‌ಗೇಮ್ ಸ್ಟಡಿಗಳಲ್ಲೂ ಎಂಜಿನ್‌ಗಳು ಎಷ್ಟೋ ತೂತು ಹುಡುಕಿವೆ. ನೀವು ಬರೆದ ಪಟ್ಟಿ ಸರಿಯಾ ಅಂತ ನೋಡೋಕೂ ಅದೇ ಒಳ್ಳೇ ದಾರಿ: ಫೈನ್ 70 ಜೋಡಿಸಿ, ಬಿಳಿ ನೀವು ಹಿಡಿದು, ಕಪ್ಪನ್ನು ಸ್ಟಾಕ್‌ಫಿಶ್‌ಗೆ ಕೊಡಿ. ಒಂದು ಮನೆ ತಪ್ಪಿದರೂ ಅದು ಡ್ರಾ ಮಾಡಿಕೊಂಡು ಹೋಗುತ್ತೆ, ಮುಲಾಜೇ ಇಲ್ಲ. ಒಂದೇ ಕೊರತೆ ಅಂದ್ರೆ, ಸೋಲೋ ಪೊಸಿಷನ್‌ನಲ್ಲಿ ಅದು ಸೋಲನ್ನು ಮುಂದೂಡೋದನ್ನು ನೋಡುತ್ತೆ, ನಿಮ್ಮನ್ನು ಯಾಮಾರಿಸೋದನ್ನು ನೋಡಲ್ಲ. ಯಾಮಾರಿಸೋಕೆ ಹಾಸ್ಟೆಲ್‌ನಲ್ಲಿ ಗೆಳೆಯರೇ ಬೇಕು.

ಹಾಗಾಗಿ ನನ್ನ ಪ್ರಸ್ತಾಪ ಇಷ್ಟೇ. ಶನಿವಾರ ಪಜಲ್, ಭಾನುವಾರ ರಾತ್ರಿ ಹತ್ತರವರೆಗೆ ಸ್ಕ್ರೀನ್‌ಶಾಟ್ ಇಲ್ಲ. ಉತ್ತರ ಹಾಕೋರು ನಡೆಯ ಜೊತೆ ಯಾಕೆ ಅನ್ನೋದನ್ನ ಎರಡು ಸಾಲು ಬರೀಬೇಕು, ಕನ್ನಡವೋ ಇಂಗ್ಲಿಷೋ ಕಂಗ್ಲಿಷೋ ಪರವಾಗಿಲ್ಲ, ನೋಟ್‌ಬುಕ್ ಪುಟದ ಫೋಟೋ ಆದರೂ ಸರಿ. ಹತ್ತರ ನಂತರ ಎಂಜಿನ್ ಬರಲಿ, ಎಲ್ಲರ ಉತ್ತರ ತಿದ್ದಲಿ.

ಈ ಶನಿವಾರಕ್ಕೆ ನಾನು ಕಳಿಸಿರೋದು ರಿಚರ್ಡ್ ರೇಟಿ 1921ರಲ್ಲಿ ಕಟ್ಟಿದ್ದು, ನಾಲ್ಕೇ ಕಾಯಿ. ಬಿಳಿ ರಾಜ ಎಚ್8, ಬಿಳಿ ಪಾನ್ ಸಿ6. ಕಪ್ಪು ರಾಜ ಎ6, ಕಪ್ಪು ಪಾನ್ ಎಚ್5. ಬಿಳಿ ಆಡಿ ಡ್ರಾ ಮಾಡಬೇಕು. ಎಚ್ ಪಾನ್ ಹಿಂದೆ ಓಡಿದರೆ ಸಿಗಲ್ಲ, ಸಿ ಪಾನ್ ಕಾಪಾಡೋಕೆ ಹೋದರೆ ಹೊತ್ತು ಸಾಲಲ್ಲ. ಒಂದು ಸುಳಿವು: ರಾಜ ಮೂಲೆಯಿಂದ ಮೂಲೆಗೆ ಹೋಗೋದಕ್ಕೂ ನೇರವಾಗಿ ಕೆಳಗಿಳಿಯೋದಕ್ಕೂ ಅವನಿಗೆ ಒಂದೇ ಏಳು ಹೆಜ್ಜೆ. ಈಗಾಗಲೇ ಗೊತ್ತಿರೋರು ದಯವಿಟ್ಟು ಭಾನುವಾರದವರೆಗೆ ಬಾಯಿ ಬಿಡಬೇಡಿ.