ಟ್ರ್ಯಾಕ್ಟರಿಗೆ ಸಬ್ಸಿಡಿ ಐತಿ, ರಿಪೇರಿಗೆ ಜಾಗ ಎಲ್ಲೈತಿ?

2022ರ ಹಿಂಗಾರಿ. ಉತ್ತರಿ ಮಳೆ ಚೆನ್ನಾಗಿ ಬಂದು ಎರಿಹೊಲ ಹದಕ್ಕೆ ನಿಂತಿತ್ತು. ಬಿಳಿಜೋಳ ಬಿತ್ತಲು ಟ್ರ್ಯಾಕ್ಟರಿಗೆ ಕೂರಿಗೆ ಕಟ್ಟಿ ಹೊಲಕ್ಕಿಳಿದೆ. ಎರಡು ಸುತ್ತು ಬಂದಿಲ್ಲ, ಕೂರಿಗೆಯ ಫ್ರೇಮು ಬೆಸುಗೆಯಲ್ಲಿ ಬಿಟ್ಟುಕೊಂಡಿತು. ಬಿಚ್ಚಿ ಟ್ರೇಲರಿಗೆ ಹಾಕಿ ಅಮೀನಗಡಕ್ಕೆ ಒಯ್ದರೆ ವೆಲ್ಡಿಂಗ್ ಅಂಗಡಿ ಮುಂದೆ ನನ್ನಂಥವರದೇ ಸಾಲು. ಸಂಜೆತನಕ ಕಾದು ಪಾಳಿ ಬರುವಷ್ಟರಲ್ಲಿ ಕರೆಂಟು ಹೋಯಿತು. ಮರುದಿನ ಮಹಾಲಯ ಅಮವಾಸ್ಯೆ, ಅಂಗಡಿ ಬಂದ್. ಮೂರನೇ ದಿನ ಬೆಸುಗೆ ಬಿತ್ತು. ಕೆಲಸ ಹದಿನೈದು ನಿಮಿಷದ್ದು, ಕೊಟ್ಟದ್ದು ನೂರೈವತ್ತು ರೂಪಾಯಿ. ಅಷ್ಟರಲ್ಲಿ ಹೊಲದ ಮೇಲಿನ ಹಸಿ ಆರಿತ್ತು. ಆ ವರ್ಷ ನನ್ನ ಜೋಳ ಅಲ್ಲೊಂದು ಇಲ್ಲೊಂದು ಹುಟ್ಟಿತು.

ಓದುಗರಲ್ಲಿ ಪ್ರತಿಯೊಬ್ಬರ ಹತ್ತಿರವೂ ಇಂಥದೊಂದು ಕತೆ ಇದ್ದೇ ಇರುತ್ತದೆ. ನಾನು ಬರೆಯಲು ಹೊರಟದ್ದು ಅದರ ಮುಂದಿನ ಕತೆಯನ್ನು. ಊರಲ್ಲೇ ಒಂದು ರಿಪೇರಿ ಶೆಡ್ ಹಾಕೋಣ ಎಂದು ಹೊರಟವರ ಪಾಡು ಏನಾಯಿತು ಎಂಬುದನ್ನು.

ನನ್ನ ತಮ್ಮನ ಮಗ ಐ.ಟಿ.ಐ. ಮುಗಿಸಿ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಹೊಳೆದಂಡೆಯ ಮೋಟಾರುಗಳೆಲ್ಲ ಕೆಸರಿನಲ್ಲಿ ಹೂತಿದ್ದವು. ನಾಲ್ಕು ದಿನ ರಜೆ ಹಾಕಿ ಊರಿಗೆ ಬಂದವನು ಒಂದೊಂದೇ ಮೋಟಾರು ಬಿಚ್ಚಿ, ತೊಳೆದು, ಒಣಗಿಸಿ, ಸುಟ್ಟದ್ದಕ್ಕೆ ರಿವೈಂಡಿಂಗ್ ಮಾಡಿ ಕೊಡುತ್ತಾ ಕೊಡುತ್ತಾ ಇಲ್ಲೇ ಉಳಿದುಬಿಟ್ಟ. ಮನೆ ಮುಂದಿನ ಬೇವಿನ ಗಿಡವೇ ಅವನ ವರ್ಕ್‌ಶಾಪು. ಮಳೆ ಬಂದರೆ ಬಂದ್. ಬೆಸುಗೆ ಬೆಳಕಿಗೆ ಓಣಿಯ ಮಕ್ಕಳ ಕಣ್ಣು ಕೆಡುತ್ತವೆ ಎಂದು ನೆರೆಯವರ ತಕರಾರು. ಅವರದೂ ಸುಳ್ಳಲ್ಲ. ಅದಕ್ಕೆ ರಸ್ತೆಗೆ ಹತ್ತಿದ ನಮ್ಮ ಹೊಲದಲ್ಲಿ ಇಪ್ಪತ್ತಕ್ಕೆ ಮೂವತ್ತು ಅಡಿ ಪತ್ರಾಸ್ ಶೆಡ್ ಹಾಕಿ ಒಂದು ಸಣ್ಣ ಲೇಥು ತರುವುದೆಂದು ನಿಶ್ಚಯಿಸಿದೆವು.

ನಮ್ಮೂರು ಐಹೊಳೆ. ಊರ ತುಂಬ ಗುಡಿ, ನೂರಿಪ್ಪತ್ತಕ್ಕೂ ಮೇಲೆ. ದುರ್ಗದ ಗುಡಿ, ಲಾಡಖಾನ್, ಹುಚ್ಚಿಮಲ್ಲಿ ಗುಡಿ ನೋಡಲು ಜಗತ್ತಿನಿಂದ ಜನ ಬರುತ್ತಾರೆ. ಗುಡಿಗಳ ಸುತ್ತ ಕಟ್ಟಡ ಕಟ್ಟಲು ನಿರ್ಬಂಧ ಇದೆ ಎಂಬುದು ನಮಗೂ ಗೊತ್ತಿತ್ತು. ಮುನ್ನೂರು ಮೀಟರ್ ಆಚೆ ಇದ್ದರೆ ತೊಂದರೆ ಇಲ್ಲ ಎಂದು ಯಾರೋ ಹೇಳಿದ್ದರು. ಹತ್ತಿರದ ಒಂದು ಸಣ್ಣ ಗುಡಿಯ ಗೋಡೆಯಿಂದ ಟೇಪು ಹಿಡಿದು ಅಳೆದೆವು. ಮುನ್ನೂರ ಮೂವತ್ತು ಬಂತು. ಸಾಕು ಎಂದು ನಾಲ್ಕು ಕುಣಿ ತೋಡಿ ಕಬ್ಬಿಣದ ಕಂಬ ನೆಟ್ಟೆವು. ಹದಿನೈದು ದಿನದೊಳಗೆ ನೋಟಿಸು.

ತಪ್ಪು ನಮ್ಮದೇ. ಅಳತೆ ಗುಡಿಯ ಗೋಡೆಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಅಲ್ಲಿಂದ ಅಳೆದರೆ ನಮ್ಮ ಕಂಬ ಇನ್ನೂರ ಎಪ್ಪತ್ತರ ಆಸುಪಾಸು ನಿಂತಿದ್ದವು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಸೀಮೆಯಲ್ಲಿ ಐಹೊಳೆ ಒಂದೇ ಅಲ್ಲ, ಬಾದಾಮಿ, ಪಟ್ಟದಕಲ್ಲುಗಳಲ್ಲೂ ಇದೇ ಕಾನೂನು. ಕೇಂದ್ರ ಸರಕಾರದ 1958ರ ಸ್ಮಾರಕ ಕಾಯ್ದೆಗೆ 1992ರ ಜೂನ್‌ನಲ್ಲಿ ಒಂದು ಅಧಿಸೂಚನೆ ಬಂತು, 2010ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಗಡಿಯಿಂದ ನೂರು ಮೀಟರ್ ನಿಷೇಧಿತ, ಅಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ. ಕಟ್ಟಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. 1992ರ ಆ ಅಧಿಸೂಚನೆಗೂ ಮೊದಲಿನ ಮನೆ ಇದ್ದರೆ ದುರಸ್ತಿಗೆ ಅರ್ಜಿ ಹಾಕಲು ಬರುತ್ತದೆ. ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ. ಅಲ್ಲಿ ಕಟ್ಟಬಹುದು, ಆದರೆ ಮೊದಲು ಅನುಮತಿ ಪಡೆಯಬೇಕು. ಬಹಳ ಮಂದಿ ಮುನ್ನೂರು ಮೀಟರ್ ಪೂರ್ತಿ ಬಂದ್ ಎಂದು ತಿಳಿದು ಅರ್ಜಿಯನ್ನೇ ಹಾಕುವುದಿಲ್ಲ. ಇಲ್ಲದಿದ್ದರೆ ನಮ್ಮ ಹಾಗೆ ಕೇಳದೆ ಕಂಬ ನೆಡುತ್ತಾರೆ.

ಅನುಮತಿ ಕೊಡಲು ಕಾಯ್ದೆಯಲ್ಲಿ ಕಾಲಮಿತಿ ಇದೆ. ಅರ್ಜಿ ಪಡೆದ ಅಧಿಕಾರಿ ಅದನ್ನು ಹದಿನೈದು ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ಮಾಡಬೇಕು, ಅದು ಬಂದ ಒಂದು ತಿಂಗಳೊಳಗೆ ಅಧಿಕಾರಿ ಉತ್ತರ ಕೊಡಬೇಕು. ಎಲ್ಲ ಕೂಡಿ ಮೂರೂವರೆ, ನಾಲ್ಕು ತಿಂಗಳು. ಕಡಲೆ ರಾಶಿ ಮುಗಿಸಿ ಫೆಬ್ರವರಿಯಲ್ಲಿ ಅರ್ಜಿ ಹಾಕಿದರೆ ಮುಂಗಾರಿಗೆ ಉತ್ತರ ಬರಬೇಕು. ಬಿತ್ತುವಾಗ ನೆನಪಾಗಿ ಓಡಿದರೆ ಏನೂ ಆಗುವುದಿಲ್ಲ.

ಆದರೆ ನಮ್ಮನ್ನು ಸುಸ್ತು ಮಾಡಿದ್ದು ಗುಡಿಯ ಕಾನೂನಲ್ಲ. ಉಳಿದ ಕಾಗದಗಳು.

ಹೊಲದಲ್ಲಿ ವರ್ಕ್‌ಶಾಪ್ ಹಾಕಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಬಿನಶೇತಕಿ ಆಗಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಕಟ್ಟಡಕ್ಕೆ ಒಂದು ಪರವಾನಿಗೆ, ಕರೆಂಟಿನಿಂದ ನಡೆಯುವ ಯಂತ್ರ ಕೂಡಿಸಲು ಇನ್ನೊಂದು. ಲೇಥಿಗೆ ತ್ರೀಫೇಸ್ ಬೇಕು, ಪಂಪ್‌ಸೆಟ್ಟಿನ ಲೈನಿನಿಂದ ತೆಗೆದುಕೊಂಡರೆ ಕಳವು. ಇದೆಲ್ಲ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಒಂದು ಕಚೇರಿ ಹೇಳಿತು, ‘ಮೊದಲು ಬಿನಶೇತಕಿ ಮಾಡಿಸಿಕೊಂಡು ಬರ್ರಿ.’ ಅಲ್ಲಿಗೆ ಹೋದರೆ, ‘ಗುಡಿ ಇಲಾಖೆದು ಎನ್.ಓ.ಸಿ. ತರ್ರಿ.’ ಎನ್.ಓ.ಸಿ.ಗೆ ಕೂತರೆ ಜಾಗ ಯಾವ ಉಪಯೋಗದ್ದು ಎಂಬ ಕಾಗದ ಬೇಕು. ಕರೆಂಟಿನವರಿಗೆ ಪಂಚಾಯ್ತಿ ಪರವಾನಿಗೆ ಬೇಕು. ಮೂರನೇ ಸಲ ತಿರುಗಿ ಬಂದಾಗ ಹುಡುಗ ಅಂದ, ‘ದೊಡ್ಡಪ್ಪ, ಎತ್ತು ಗಾಣ ತಿರುಗಿದರ ಎಣ್ಣಿ ಆದ್ರೂ ಬರತೈತಿ.’

ಇಲ್ಲಿ ನನಗೆ ಒಗಟಾಗಿ ಕಂಡದ್ದು ಒಂದಿದೆ. ಅದೇ 95ನೇ ಕಲಮು ರೈತನಿಗೆ ತನ್ನ ಹೊಲದಲ್ಲಿ ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಲು, ಬಾವಿ ತೋಡಲು ಅವಕಾಶ ಕೊಡುತ್ತದೆ. ಅಂದರೆ ನನ್ನ ಟ್ರ್ಯಾಕ್ಟರು, ನನ್ನ ಕೂರಿಗೆ ನಿಲ್ಲಿಸಲು ಶೆಡ್ ಹಾಕಿದರೆ ಅದು ಒಕ್ಕಲುತನ. ಅದೇ ಶೆಡ್ಡಿನಲ್ಲಿ ನೆರೆಯವನ ಕೂರಿಗೆಗೆ ಬೆಸುಗೆ ಹಾಕಿ ನೂರೈವತ್ತು ಇಸಕೊಂಡರೆ ವ್ಯಾಪಾರ. ಪೆಟ್ರೋಲ್ ಬಂಕಿಗೂ ಲಾಡ್ಜಿಗೂ ಹಿಡಿಯುವ ಮೊಳವನ್ನೇ ಕೂರಿಗೆ ರಿಪೇರಿಗೂ ಹಿಡಿಯುತ್ತಾರೆ. ಬಿನಶೇತಕಿ ನಿಯಮಗಳನ್ನು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ತಿದ್ದುತ್ತಿದ್ದಾರೆ, ಹಾಗಾಗಿ ಅರ್ಜಿ ಹಾಕುವ ದಿನದ ನಿಯಮ ಏನು ಎಂದು ನಾಡಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಹೋದ ವರ್ಷ ಮಾಡಿಸಿದವರ ಮಾತು ನೆಚ್ಚಬೇಡಿ.

ನನ್ನ ಅಪ್ಪನ ಕಾಲಕ್ಕೆ ಕುಲುಮೆ ಅಗಸಿಯ ಹತ್ತಿರವೇ ಇತ್ತು. ಕಮ್ಮಾರ ಕುಳ ಹಣಿದು ಕೊಡುತ್ತಿದ್ದ, ಬಡಿಗೇರ ಕೂರಿಗೆಯ ತಾಳು ಕೂಡಿಸುತ್ತಿದ್ದ. ರಾಶಿಯ ಕಣದಲ್ಲಿ ಅವರಿಗೆ ಆಯ. ಆ ಕಾಲ ಚೆನ್ನಾಗಿತ್ತು ಎಂದು ಹಾಡುವವ ನಾನಲ್ಲ, ಆಯಗಾರರಿಗೆ ಸಿಗುತ್ತಿದ್ದ ಮರ್ಯಾದೆ ಎಷ್ಟೆಂದು ನೋಡಿದ್ದೇನೆ. ಆದರೆ ರಿಪೇರಿ ಊರೊಳಗಿನ ಕೆಲಸ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಮರದ ಕೂರಿಗೆ ಹೋಗಿ ಕಬ್ಬಿಣದ್ದು ಬಂತು, ಎತ್ತು ಹೋಗಿ ಟ್ರ್ಯಾಕ್ಟರು ಬಂತು. ಯಂತ್ರ ಕೊಳ್ಳಲು ಸಬ್ಸಿಡಿ ಬಂತು. 2014-15ರಿಂದ ‘ಕೃಷಿ ಯಂತ್ರಧಾರೆ’ ಎಂದು ಹೋಬಳಿಗೊಂದು ಬಾಡಿಗೆ ಕೇಂದ್ರವೂ ಬರತೊಡಗಿತು. ರಿಪೇರಿ ಮಾತ್ರ ಪೇಟೆಗೆ ಹೋಯಿತು. ನಾಲ್ಕೆಕರೆಯವನಿಗೆ ಯಂತ್ರ ಮುರಿಯುವುದು ಬಿತ್ತುವಾಗಲೇ. ದೊಡ್ಡವರ ಮನೆಯಲ್ಲಿ ಎರಡನೇ ಟ್ರ್ಯಾಕ್ಟರು ಇರುತ್ತದೆ, ನಮಗೆ ಎಲ್ಲಿಂದ ಬರಬೇಕು?

ಗುಡಿಗಳ ಮೇಲೆ ಸಿಟ್ಟು ಮಾಡುವವರು ನಮ್ಮೂರಲ್ಲಿ ಇದ್ದಾರೆ. ‘ಕಲ್ಲಿಗಿರೋ ಕಿಮ್ಮತ್ತು ಮನಷ್ಯಾಗಿಲ್ಲ’ ಎಂದು ಕಟ್ಟೆಯ ಮೇಲೆ ಕೂತವರು ಅನ್ನುತ್ತಾರೆ. ಊರನ್ನೇ ಎತ್ತಿ ಬೇರೆ ಕಡೆ ಇಡುವ ಮಾತು ಬಹಳ ವರ್ಷದಿಂದ ಕೇಳಿ ಕೇಳಿ ಬೇಸತ್ತವರು ಅವರು. ನನಗೆ ಆ ಸಿಟ್ಟು ಇಲ್ಲ. ಮೇಗುಟಿಯಲ್ಲಿ ರವಿಕೀರ್ತಿ ಶಾಸನ ಕೆತ್ತಿಸಿದ್ದು ಕ್ರಿ.ಶ. 634ರಲ್ಲಿ. ಅದರ ಪಕ್ಕ ಲೇಥು ಗರಗರ ಅನ್ನಬಾರದು, ಡೀಸೆಲ್ ಹೊಗೆ ಆ ಕಲ್ಲಿಗೆ ಹತ್ತಬಾರದು. ಆದರೆ ಒಂದು ಮಾತು. ಇಷ್ಟು ಗುಡಿ ಕಡೆಯಲು ಎಷ್ಟು ಉಳಿ ಮೊಂಡಾಗಿರಬೇಕು! ದಿನಾ ಸಂಜೆ ಅವನ್ನು ಹಣಿದು ಹದ ಮಾಡಿದ ಕುಲುಮೆ ಊರ ಹತ್ತಿರವೇ ಇದ್ದಿರಬೇಕಲ್ಲ. ಅಯ್ಯಾವೊಳೆ ಐನೂರ್ವರು ಎಂಬ ದೊಡ್ಡ ವರ್ತಕ ಸಂಘ ಹೆಸರು ಪಡೆದದ್ದೂ ಇದೇ ಊರಿಂದ. ಕೊಡಲಿ ತೊಳೆಯಲು ಪರಶುರಾಮ ಇಲ್ಲಿಗೇ ಬಂದ ಎಂದು ಹಿರಿಯರು ಕತೆ ಹೇಳುತ್ತಾರೆ. ಇಂಥ ಊರಿಗೆ ಕಬ್ಬಿಣದ ಕೆಲಸ ಹೊರಗಿನದಾಗಿದ್ದು ಯಾವಾಗ?

ನನ್ನ ವಿಚಾರ ಇಷ್ಟು. ಒಬ್ಬೊಬ್ಬನೇ ತನ್ನ ತನ್ನ ಹೊಲಕ್ಕೆ ಕಾಗದ ಹಿಡಿದು ತಿರುಗುವುದು ಬೇಡ. ಪಂಚಾಯ್ತಿಯೇ ಮುಂದೆ ನಿಂತು, ಎಲ್ಲ ಗುಡಿಗಳ ಗಡಿಯಿಂದಲೂ ಮುನ್ನೂರು ಮೀಟರ್ ಆಚೆ ಒಂದು ಎಕರೆ ಗುರುತಿಸಲಿ. ಬಿನಶೇತಕಿ ಒಮ್ಮೆ, ತ್ರೀಫೇಸ್ ಟ್ರಾನ್ಸ್‌ಫಾರ್ಮರ್ ಒಮ್ಮೆ. ಅದರಲ್ಲಿ ಆರೆಂಟು ಸಣ್ಣ ಕಟ್ಟೆ ಮಾಡಿ ವೆಲ್ಡಿಂಗ್, ರಿವೈಂಡಿಂಗ್, ಲೇಥು, ಟೈರ್ ಪಂಕ್ಚರ್ ಮಾಡುವವರಿಗೆ ಬಾಡಿಗೆಗೆ ಕೊಡಲಿ. ಸುಟ್ಟ ಆಯಿಲ್ ಹಾಕಲು ಬ್ಯಾರಲ್ ಇಡಲಿ. ಈಗ ಅದು ಗಟಾರಿನಿಂದ ಹೊಳೆಗೇ ಹೋಗುತ್ತದೆ. ಪಂಚಾಯ್ತಿಗೆ ಬಾಡಿಗೆ, ಓಣಿಗೆ ಶಾಂತಿ, ಗುಡಿಗೆ ದೂರ. ಲಾಗಾಣಿ ಹೆಚ್ಚು ಎನ್ನುವವರು ಒಂದು ಹಿಂಗಾರಿ ಹದ ತಪ್ಪಿದರೆ ಊರಿಗೆ ಎಷ್ಟು ಚೀಲ ಜೋಳ ಹೋಯಿತು ಎಂದು ಲೆಕ್ಕ ಹಾಕಿ ನೋಡಲಿ.

ಇನ್ನೊಂದು ಬೇಡಿಕೆಗೆ ಖರ್ಚೇ ಇಲ್ಲ. ಊರಿನ ನಕಾಶೆಯಲ್ಲಿ ನೂರು ಮತ್ತು ಮುನ್ನೂರು ಮೀಟರಿನ ಗೆರೆ ಎಳೆದು ಪಂಚಾಯ್ತಿ ಗೋಡೆಗೆ ಬಣ್ಣದಲ್ಲಿ ಬರೆಸಿದರೆ ಸಾಕು. ಯಾರ ಸರ್ವೆ ನಂಬರು ಎಲ್ಲಿ ಬೀಳುತ್ತದೆ ಎಂದು ಓದು ಬಾರದವನೂ ಬೆರಳಿಟ್ಟು ತೋರಿಸುತ್ತಾನೆ. ನಾವು ನಾಲ್ಕು ಕುಣಿ ತೋಡುವ ಖರ್ಚು ಉಳಿಯುತ್ತಿತ್ತು.

ಹುಡುಗ ಈಗ ಕಂಬ ಕಿತ್ತಿದ್ದಾನೆ. ಹಳೇ ಟ್ರೇಲರಿನ ಮೇಲೆ ಜನರೇಟರು, ವೆಲ್ಡಿಂಗ್ ಸೆಟ್ಟು ಕೂಡಿಸಿಕೊಂಡು ಕರೆದವರ ಹೊಲಕ್ಕೇ ಹೋಗುತ್ತಾನೆ. ಕಟ್ಟಡ ಇಲ್ಲ, ಹಾಗಾಗಿ ನೋಟಿಸೂ ಇಲ್ಲ. ಹೋದ ಹಿಂಗಾರಿಯಲ್ಲಿ ನನ್ನ ಕೂರಿಗೆ ಮತ್ತೆ ಬಿಟ್ಟಾಗ ಒಂದು ತಾಸಿನಲ್ಲಿ ಕೆಲಸ ಮುಗಿಸಿದ. ಆದರೆ ಡೀಸೆಲ್ ಖರ್ಚು ಹೋಗಿ ಅವನ ಕೈಗೆ ಉಳಿಯುವುದು ಕಡಿಮೆ, ಲೇಥು ಟ್ರೇಲರಿನ ಮೇಲೆ ಕೂಡುವುದಿಲ್ಲ. ಹುಬ್ಬಳ್ಳಿಯ ಹಳೇ ಮಾಲೀಕ ಈಗಲೂ ಫೋನು ಮಾಡುತ್ತಾನೆ. ಹುಡುಗ ಅದನ್ನು ನನ್ನ ಮುಂದೆ ಎತ್ತುವುದಿಲ್ಲ, ಹೊರಗೆ ಹೋಗಿ ಮಾತಾಡುತ್ತಾನೆ.

ಮುಂದಿನ ಗ್ರಾಮಸಭೆಗೆ ನಾವು ಹನ್ನೊಂದು ಮಂದಿ ರೈತರು ಸಹಿ ಹಾಕಿದ ಅರ್ಜಿ ಒಯ್ಯುತ್ತಿದ್ದೇವೆ. ಬೇರೆ ಯಾವ ಊರಲ್ಲಾದರೂ ಪಂಚಾಯ್ತಿ ಇಂಥ ಜಾಗ ಮಾಡಿಕೊಟ್ಟಿದ್ದರೆ ಬಾಡಿಗೆ ಎಷ್ಟು ಇಟ್ಟಿರಿ, ಬಿನಶೇತಕಿಗೆ ಎಷ್ಟು ದಿನ ಹಿಡಿಯಿತು, ಕರೆಂಟು ಯಾರ ಹೆಸರಿಗೆ ತೆಗೆದುಕೊಂಡಿರಿ, ದಯವಿಟ್ಟು ಪತ್ರಿಕೆಗೆ ಬರೆಯಿರಿ. ಸಭೆಯಲ್ಲಿ ಓದಿ ಹೇಳುತ್ತೇವೆ.