ಲೋಕಾಂತ್ಯದ ತಾರೀಖು ಹೇಳುವವರಿಗೆ



2025ರ ಸೆಪ್ಟೆಂಬರ್ 23ರಂದು ಅಥವಾ 24ರಂದು ಕ್ರಿಸ್ತನು ಬಂದು ತನ್ನವರನ್ನು ಆಕಾಶಕ್ಕೆ ಎತ್ತಿಕೊಳ್ಳುವನೆಂದು ದಕ್ಷಿಣ ಆಫ್ರಿಕಾದ ಒಬ್ಬ ಬೋಧಕರು ನುಡಿದ ಭವಿಷ್ಯ ನಿಮಗೆ ನೆನಪಿರಬಹುದು. ಅದು ಸಮುದ್ರ ದಾಟಿ, ಮೊಬೈಲಿನಿಂದ ಮೊಬೈಲಿಗೆ ಹಾರಿ, ನಮ್ಮ ಸವದತ್ತಿ ಸೀಮೆಗೂ ಬಂದಿತ್ತು. ಆ ಎರಡು ದಿನಗಳು ಬಂದವು, ಹೋದವು. 25ರ ಬೆಳಿಗ್ಗೆ ಹೂಲಿಯಲ್ಲಿ ಎಂದಿನಂತೆ ಹಾಲಿನವನು ಬಂದ. ಇದನ್ನು ಓದಿ ನಗಬೇಕೆಂದು ನಾನು ಬರೆಯುತ್ತಿಲ್ಲ. ನಗುವವರ ಮೇಲೂ ನನಗೊಂದು ಆಕ್ಷೇಪಣೆಯಿದೆ, ಅದನ್ನು ಮುಂದೆ ಹೇಳುತ್ತೇನೆ. ಮೊದಲು ತಾರೀಖು ಹೇಳುವವರ ಮೇಲಿನ ಆಕ್ಷೇಪಣೆ.

ಕ್ರಿಸ್ತನು ಮರಳಿ ಬರುವನು, ಬದುಕಿದವರಿಗೂ ಸತ್ತವರಿಗೂ ನ್ಯಾಯ ತೀರಿಸುವನು ಎಂಬುದು ಕ್ರೈಸ್ತರ ನಂಬಿಕೆಯ ಮೂಲಾಂಗ. ರೋಮನ್ ಕ್ಯಾಥೊಲಿಕರಿಂದ ಹಿಡಿದು ಪ್ರೊಟೆಸ್ಟಂಟರವರೆಗೆ ಇದನ್ನು ಒಪ್ಪದವರಿಲ್ಲ. ಅದನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ, ಇಚ್ಛೆಯೂ ಇಲ್ಲ. ಆದರೆ ಆ ದಿನವನ್ನಾಗಲಿ ಗಳಿಗೆಯನ್ನಾಗಲಿ ಯಾರೂ ಅರಿಯರು, ದೇವದೂತರೂ ಅರಿಯರು ಎಂದು ಅದೇ ಮತ್ತಾಯನ ಸುವಾರ್ತೆಯ ಇಪ್ಪತ್ತನಾಲ್ಕನೆಯ ಅಧ್ಯಾಯ ಸಾರುತ್ತದೆ. ದೇವದೂತರಿಗೆ ತಿಳಿಯದ ಲೆಕ್ಕ ಒಂದು ಧ್ವನಿವರ್ಧಕ ಬಾಡಿಗೆಗೆ ತಂದವನಿಗೆ ಹೇಗೆ ತಿಳಿಯಿತು? ಈ ಪ್ರಶ್ನೆಗೆ ನಾನು ಇದುವರೆಗೆ ನೇರವಾದ ಉತ್ತರ ಕೇಳಿಲ್ಲ. 'ಚಿಹ್ನೆಗಳನ್ನು ನೋಡಿರಿ' ಎನ್ನುತ್ತಾರೆ. ಯುದ್ಧ, ಭೂಕಂಪ, ಬರ, ರೋಗ.

ಒಳ್ಳೆಯದು, ಚಿಹ್ನೆಗಳನ್ನೇ ನೋಡೋಣ. 1791-92ರ ಬರಗಾಲವನ್ನು ನಮ್ಮ ಹಿರಿಯರು ಡೋಗಿ ಬರವೆಂದು ಕರೆದರು. ಹೂಳುವವರಿಲ್ಲದೆ ನೆಲದ ಮೇಲೆ ತಲೆಬುರುಡೆಗಳು ಬಿದ್ದಿದ್ದವೆಂದು ಆ ಹೆಸರು. 1876ರಿಂದ 78ರವರೆಗಿನ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳ ಊರೂರೇ ಬರಿದಾದವು. ಆ ಶತಮಾನದ ಕೊನೆಯಲ್ಲಿ ಪ್ಲೇಗು ಬಂದಿತು, ಜನ ಊರು ಬಿಟ್ಟು ಹೊಲದ ಗುಡಿಸಲುಗಳಲ್ಲಿ ಇದ್ದರು. 1918ರಲ್ಲಿ ಇನ್‌ಫ್ಲುಯೆಂಜಾ. ಚಿಹ್ನೆಗಳಿಂದ ಲೋಕ ಮುಗಿಯುವುದಾಗಿದ್ದರೆ 1877ರಲ್ಲಿಯೇ ಮುಗಿಯಬೇಕಿತ್ತು, ನಾನು ಹುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಸೀಮೆಯ ಮನೆಗಳೊಳಗೆ ನೀರು ನುಗ್ಗಿದಾಗಲೂ 'ಇದೇ ಅಂತ್ಯದ ಆರಂಭ' ಎಂಬ ಕರಪತ್ರ ನನ್ನ ಕೈ ಸೇರಿತ್ತು. ಮನೆ ಕಳೆದುಕೊಂಡವರಿಗೆ ಬೇಕಾಗಿದ್ದುದು ತಾಡಪತ್ರಿ ಮತ್ತು ಅಕ್ಕಿ.

ಈಗ ಇತಿಹಾಸದ ಒಂದು ಸಂಗತಿ. ತರಗತಿಯಲ್ಲಿ ಇದನ್ನು ಹೇಳಲು ಪಠ್ಯಕ್ರಮದಲ್ಲಿ ಎಡೆಯಿರಲಿಲ್ಲ, ಈಗ ಹೇಳುತ್ತೇನೆ. ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ಮಹಾ ವಿದ್ವಾಂಸರಿದ್ದರು (1687-1752). ಗ್ರೀಕ್ ಹೊಸ ಒಡಂಬಡಿಕೆಯ ಪಾಠಪರಿಷ್ಕರಣದಲ್ಲಿ ಅವರ ಹೆಸರು ದೊಡ್ಡದು. ಅಂಥವರೇ ಪ್ರಕಟನೆ ಗ್ರಂಥದ ಸಂಖ್ಯೆಗಳನ್ನು ಕೂಡಿ ಕಳೆದು, 1836ರಲ್ಲಿ ಮಹತ್ತಾದ ತಿರುವು ಬರುವುದೆಂದು ಲೆಕ್ಕ ಹಾಕಿದರು. ಅವರ ಪ್ರಾಂತದ ಭಕ್ತರು ಆ ವರ್ಷವನ್ನು ಎದುರು ನೋಡುತ್ತಾ ತಲೆಮಾರುಗಳನ್ನು ಕಳೆದರು. ನಮ್ಮ ನಾಡಿಗೆ ಬಂದ ಬಾಸೆಲ್ ಮಿಶನ್ ಬೆಳೆದದ್ದು ಇಂಥ ಭಕ್ತರ ನಡುವೆಯೇ. ಸಂಸ್ಥೆ ಹುಟ್ಟಿದ್ದು 1815ರಲ್ಲಿ, ಮಂಗಳೂರಿಗೆ ಅದರ ಮೊದಲ ಮಿಶನರಿಗಳು ಬಂದದ್ದು 1834ರಲ್ಲಿ. ಲೆಕ್ಕದ ವರ್ಷವಾದ 1836ರಲ್ಲಿ ಮಂಗಳೂರಿಗೆ ಬಂದವರು ಯಾರು ಗೊತ್ತೇ? ವ್ಯೂರ್ಟೆಂಬರ್ಗಿನವರೇ ಆದ ಹೆರ್ಮನ್ ಮೋಗ್ಲಿಂಗ್.

ವರ್ಷ ಕಳೆಯಿತು, ಆಕಾಶ ತೆರೆಯಲಿಲ್ಲ. ಮುಂದೇನಾಯಿತು ನೋಡಿರಿ. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ಕೇಂದ್ರಗಳಾದವು. 1843ರಲ್ಲಿ ಮೋಗ್ಲಿಂಗರು 'ಮಂಗಳೂರ ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ಆಮೇಲೆ ಹಳೆಯ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. 1894ರಲ್ಲಿ ಕಿಟೆಲರ ನಿಘಂಟು ಹೊರಬಂದಿತು. ನನ್ನ ಮೇಜಿನ ಮೇಲೆ ಅದರ ಮರುಮುದ್ರಣ ಈಗಲೂ ಇದೆ. ಬರಗಾಲದಲ್ಲಿ ಅನಾಥರಾದ ಮಕ್ಕಳನ್ನು ಈ ಮಿಶನ್ನಿನವರು ಸಾಕಿದರು. ಅವರ ಮತಾಂತರದ ಉದ್ದೇಶದ ಬಗ್ಗೆ, ನಮ್ಮ ದೇವರುಗಳನ್ನು ಅವರು ಹೀಗಳೆದ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಸಿಟ್ಟಿರಬಹುದು, ಅದು ಬೇರೆಯೇ ಚರ್ಚೆ. ನಾನು ಕೇಳುವುದಿಷ್ಟೇ: ಕ್ರಿಸ್ತನ ಬರುವಿಕೆಯನ್ನು ಅವರಿಗಿಂತ ಗಾಢವಾಗಿ ನಂಬಿದವರು ಇಂದಿನ ಕರಪತ್ರದವರಲ್ಲಿ ಯಾರಿದ್ದಾರೆ? ಆ ನಂಬಿಕೆಯಿಂದಲೇ ಅವರು ಅಚ್ಚುಮೊಳೆ ಜೋಡಿಸಿದರು, ಶಾಲೆ ಕಟ್ಟಿದರು. ನಾಳೆ ಲೋಕ ಮುಗಿಯುವುದೆಂದು ನಂಬಿದವನು ಎಪ್ಪತ್ತು ಸಾವಿರ ಪದಗಳ ನಿಘಂಟಿಗೆ ಕೈ ಹಾಕುವನೇ?

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಧಾರವಾಡ, ಗದಗ ಭಾಗದಲ್ಲಿ ಆಗ ಕಾಲಜ್ಞಾನದ ಗ್ರಂಥಗಳನ್ನು ನಂಬಿದ ಜನರಿದ್ದರು. ಚೆನ್ನಬಸವಣ್ಣನು ವಸಂತರಾಯನಾಗಿ ಮರಳಿ ಬರುವನು, ಹಾಳಾದ ಕಲ್ಯಾಣ ಮತ್ತೆ ನೆಲೆಗೊಳ್ಳುವುದು ಎಂದು ನಮ್ಮ ಕಾಲಜ್ಞಾನದ ವಚನಗಳು ಹೇಳುತ್ತವಷ್ಟೆ. ಆ ಜನರಲ್ಲಿ ಕೆಲವರು ಮಿಶನರಿಗಳನ್ನು ಕಂಡು, ನಮ್ಮ ಗ್ರಂಥ ಹೇಳಿದ ಹೊಸ ಕಾಲ ನೀವು ತಂದದ್ದೇ ಇರಬಹುದೆಂದು ಆಸಕ್ತಿ ತೋರಿದರು. ಮಿಶನರಿಗಳಿಗೆ ಆನಂದವಾಯಿತು. ಅವರಿಗಾಗಿ 1841ರಲ್ಲಿ ಗದಗಿನ ಸಮೀಪ ಮಲ್ಲಸಮುದ್ರದಲ್ಲಿ ಹೊಲ ಮನೆಗಳ ಒಂದು ವಸಾಹತನ್ನೇ ತೆರೆದರು. ಅದು ನಿರೀಕ್ಷಿಸಿದಂತೆ ಬೆಳೆಯಲಿಲ್ಲ. ಎರಡು ದೇಶಗಳ ಎರಡು ನಿರೀಕ್ಷೆಗಳು ನಮ್ಮ ಎರೆಮಣ್ಣಿನ ಹೊಲದಲ್ಲಿ ಎದುರುಬದುರಾಗಿ ನಿಂತು ಒಂದನ್ನೊಂದು ತಪ್ಪಾಗಿ ಓದಿಕೊಂಡವು. ನನಗೆ ಈ ಪ್ರಸಂಗವನ್ನು ನೆನೆದಾಗಲೆಲ್ಲ ನಗು ಬರುವುದಿಲ್ಲ, ಮನಸ್ಸು ಮೃದುವಾಗುತ್ತದೆ.

ಆದುದರಿಂದಲೇ ನಗುವವರಿಗೆ ಎರಡು ಮಾತು. 'ಆ ಧರ್ಮದವರು ಹಾಗೆಯೇ' ಎಂದು ಈ ಸುದ್ದಿಯನ್ನು ಒಂದು ಸಮುದಾಯವನ್ನು ಹಳಿಯುವ ಬಡಿಗೆಯಾಗಿ ಮಾಡಿಕೊಂಡವರು ನಮ್ಮ ಬಂಧುವರ್ಗದಲ್ಲಿಯೂ ಇದ್ದಾರೆ. ಅವರು 1962ರ ಫೆಬ್ರವರಿಯನ್ನು ನೆನೆಯಲಿ. ಅಷ್ಟಗ್ರಹ ಕೂಟವೆಂದು ಇಡೀ ದೇಶ ನಡುಗಿತ್ತು, ಊರೂರಲ್ಲಿ ಹೋಮ, ಭಜನೆ. ನಾನು ಆಗ ಕೂಸು, ತಂದೆಯವರು ಹೇಳಿ ಬಲ್ಲೆ. 1979ರ ಜುಲೈನಲ್ಲಿ ಸ್ಕೈಲ್ಯಾಬ್ ಬೀಳುವುದೆಂದಾಗ ನಾನು ಕಾಲೇಜು ವಿದ್ಯಾರ್ಥಿ. ಸಾಯುವ ಮೊದಲು ಉಣ್ಣೋಣವೆಂದು ಕೋಳಿ ಕುರಿ ಕಡಿದವರನ್ನು ಕಣ್ಣಾರೆ ಕಂಡಿದ್ದೇನೆ. ಅದು ಹಿಂದೂ ಮಹಾಸಾಗರದಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಬಿದ್ದಿತು, ಕೋಳಿಗಳು ಮಾತ್ರ ಇಲ್ಲಿ ಸತ್ತವು. 2012ರ ಡಿಸೆಂಬರಿನಲ್ಲಿ ಮಾಯಾ ಪಂಚಾಂಗದ ಹೆಸರಿನಲ್ಲಿ ದೂರದರ್ಶನದ ಮುಂದೆ ಕುಳಿತು ಬೆವರಿದವರು ಯಾವ ಧರ್ಮದವರು?

ಇನ್ನು ಈ ಲೇಖನಕ್ಕೆ ಕಾರಣವಾದ ಸಂಗತಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಗಣಿತದಲ್ಲಿ ನನ್ನನ್ನೇ ಪ್ರಶ್ನಿಸುತ್ತಿದ್ದ ಹುಡುಗ, ಈಗ ಒಂದು ಪ್ರಾರ್ಥನಾ ಗುಂಪಿಗೆ ಸೇರಿದ್ದಾನೆ. ಅದು ಅವನ ಇಷ್ಟ, ಅವನ ಹಕ್ಕು. ಆದರೆ ಮಗಳನ್ನು ಹತ್ತನೆಯ ತರಗತಿಯ ನಂತರ ಕಾಲೇಜಿಗೆ ಕಳಿಸಿಲ್ಲ. ಎರಡು ಎಕರೆ ಹೊಲ ಮಾರಿ ಹಣದ ಹೆಚ್ಚಿನ ಭಾಗವನ್ನು ಗುಂಪಿಗೆ ಕೊಟ್ಟಿದ್ದಾನೆ. ಕೇಳಿದರೆ, 'ಸರ್, ಇನ್ನ ಎಷ್ಟ ದಿನ ಐತ್ರಿ ಈ ಜಗತ್ತು? ಕಲತು ಏನ ಮಾಡಾಕಿ ಅಕಿ?' ಎಂದ. ಆ ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಅವಳ ಅಂಕಪಟ್ಟಿಯನ್ನು ನಾನು ನೋಡಿದ್ದೇನೆ. ಅವಳ ಲೋಕ ಅಂತ್ಯವಾಗಿದೆ, ಮಾಡಿದವನು ಕ್ರಿಸ್ತನಲ್ಲ.

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನೀನು 'ಸಿದ್ಧನಾಗಿರಬೇಕು' ಎನ್ನುತ್ತೀ. ಸಿದ್ಧತೆಯ ಪಾಠವಿರುವುದು ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ. ಹತ್ತು ಮಂದಿ ಕನ್ಯೆಯರು ಮದುಮಗನನ್ನು ಕಾಯುತ್ತಾರೆ. ಮದುಮಗ ತಡಮಾಡುತ್ತಾನೆ. ಹತ್ತು ಮಂದಿಯೂ ನಿದ್ದೆ ಹೋಗುತ್ತಾರೆ, ಗಮನಿಸು, ಬುದ್ಧಿವಂತೆಯರೂ ನಿದ್ದೆ ಹೋದರು. ಅವರನ್ನು ಯಾರೂ ಬಯ್ಯಲಿಲ್ಲ. ಭೇದವಿದ್ದುದು ಎಣ್ಣೆಯಲ್ಲಿ. ತಡವಾಗಬಹುದೆಂದು ಎಣಿಸಿ ಹೆಚ್ಚಿನ ಎಣ್ಣೆ ತಂದವರು ಬುದ್ಧಿವಂತೆಯರು, ಈಗಲೇ ಬಂದಾನೆಂದು ಬರಿಗೈಯಲ್ಲಿ ಬಂದವರು ಮೂಢೆಯರು. ಅಂದಮೇಲೆ ಹೊಲ ಮಾರಿದವನು ಯಾರ ಪಂಕ್ತಿಯಲ್ಲಿ ನಿಂತಂತಾಯಿತು? ಅದೇ ಅಧ್ಯಾಯದ ಕೊನೆಗೆ ನ್ಯಾಯತೀರ್ಪಿನ ಚಿತ್ರವಿದೆ. ಅಲ್ಲಿ ಯಾರಿಗೂ ತಾರೀಖಿನ ಪರೀಕ್ಷೆಯಿಲ್ಲ. ಹಸಿದವನಿಗೆ ಉಣಿಸಿದೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ, ಸೆರೆಯಲ್ಲಿದ್ದವನನ್ನು ನೋಡಲು ಹೋದೆಯಾ ಎಂಬ ಪ್ರಶ್ನೆಗಳು. ಪಾಸಾದವರಿಗೆ ತಾವು ಅದನ್ನು ಯಾವಾಗ ಮಾಡಿದೆವೆಂಬುದೇ ತಿಳಿದಿಲ್ಲ! ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರಶ್ನೆಪತ್ರಿಕೆ ತೆಗೆದವನು ನಾನು, ಇಂಥ ಪ್ರಶ್ನೆಪತ್ರಿಕೆ ತೆಗೆಯಲು ನನ್ನಿಂದಾಗಲಿಲ್ಲ. ಥೆಸಲೋನಿಕದಲ್ಲಿ ಹೀಗೆಯೇ ಬರುವಿಕೆಯ ಗುಲ್ಲೆದ್ದಿತ್ತು, ಕೆಲವರು ಕೆಲಸ ಬಿಟ್ಟು ಅಡ್ಡಾಡುತ್ತಿದ್ದರು. ದುಡಿಯಲೊಲ್ಲದವನಿಗೆ ಊಟವೂ ಬೇಡವೆಂದು ಪೌಲನ ಹೆಸರಿನ ಪತ್ರ ಗದರಿತು.

666ರ ವಿಷಯವನ್ನು ಬೇಗ ಮುಗಿಸುತ್ತೇನೆ. ಮೊದಲು ಬಾರ್‌ಕೋಡಿನಲ್ಲಿ ಅದನ್ನು ಕಂಡರು, ಆಮೇಲೆ ಆಧಾರ್ ಕಾರ್ಡಿನಲ್ಲಿ, 2021ರಲ್ಲಿ ಕೋವಿಡ್ ಲಸಿಕೆಯಲ್ಲಿ. ಬಹುಪಾಲು ವಿದ್ವಾಂಸರ ಪ್ರಕಾರ ಅದು ಹೀಬ್ರೂ ಅಕ್ಷರಗಳಲ್ಲಿ ಬರೆದ ರೋಮನ್ ಚಕ್ರವರ್ತಿ ನೀರೋನ ಹೆಸರಿನ ಮೊತ್ತ. ಸತ್ತು ಎರಡು ಸಾವಿರ ವರ್ಷ ಸಮೀಪಿಸಿದವನಿಗೆ ಹೆದರಿ ಲಸಿಕೆ ಬಿಟ್ಟವರಿಗೆ ಏನೆನ್ನಲಿ.

ತಪ್ಪಿದ ತಾರೀಖುಗಳ ಫಲವನ್ನೂ ಕೇಳಿರಿ. ಅಮೇರಿಕೆಯ ವಿಲಿಯಂ ಮಿಲ್ಲರರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ರಾತ್ರಿಯೆಲ್ಲ ಕಾದರು. ಕೆಲವರು ಬೆಳೆಯನ್ನು ಹೊಲದಲ್ಲಿಯೇ ಬಿಟ್ಟಿದ್ದರು. ಆಕಾಶವಾಣಿಯ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು, ತಪ್ಪಿದಾಗ ಅಕ್ಟೋಬರ್ 21 ಎಂದರು. ಮರುವರ್ಷ ತಾರೀಖು ಹೇಳಿದ್ದೇ ಪಾಪವೆಂದು ಒಪ್ಪಿದರು. ಆ ಮಟ್ಟಿಗೆ ಅವರು ದೊಡ್ಡವರು. ಆದರೆ ಅವರನ್ನು ನಂಬಿ ಉಳಿತಾಯದ ಹಣವನ್ನು ಫಲಕಗಳಿಗೆ ಸುರಿದವರಿಗೆ ಹಣ ಮರಳಲಿಲ್ಲ. 2023ರಲ್ಲಿ ಕೆನ್ಯಾದ ಶಾಕಾಹೋಲಾ ಕಾಡಿನಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಶವಗಳನ್ನು ಅಗೆದು ತೆಗೆದರು. ಉಪವಾಸ ಸತ್ತರೆ ಲೋಕಾಂತ್ಯಕ್ಕೆ ಮೊದಲೇ ಕ್ರಿಸ್ತನನ್ನು ಸೇರಬಹುದೆಂಬ ಬೋಧನೆಗೆ ಬಲಿಯಾದವರು. ಮಕ್ಕಳೂ ಇದ್ದರು. ಮಕ್ಕಳ ಸಿದ್ಧತೆಯನ್ನು ದೊಡ್ಡವರು ನಿರ್ಧರಿಸಿದರು.

ನಮ್ಮ ಹೂಲಿ ಒಂದು ಕಾಲಕ್ಕೆ ಪೂಲಿ, ಸಾಸಿರ ಮಹಾಜನರ ಅಗ್ರಹಾರ. ಇಲ್ಲಿಯ ಹನ್ನೊಂದು, ಹನ್ನೆರಡನೆಯ ಶತಮಾನಗಳ ಶಾಸನಗಳಲ್ಲಿ ದೇವಾಲಯಗಳಿಗೆ ಕೊಟ್ಟ ಭೂಮಿಯ ವಿವರಗಳಿವೆ. ದಾನ ಕೊಡುವವರು ಸೂರ್ಯಚಂದ್ರರು ಇರುವವರೆಗೆಂದು ಬರೆಸುವುದು ನಮ್ಮ ನಾಡಿನ ರೂಢಿ. ಪಂಚಲಿಂಗೇಶ್ವರ ಗುಡಿ ನಿಂತಿದೆ, ಎಷ್ಟೋ ಗುಡಿಗಳು ಬಿದ್ದು ಮುಳ್ಳುಕಂಟಿ ಬೆಳೆದಿವೆ. ಅವರ 'ಎಂದೆಂದಿಗೂ' ಸಹ ನಿಲ್ಲಲಿಲ್ಲ, ಒಪ್ಪುತ್ತೇನೆ. ಆದರೆ ಆ ಎಣಿಕೆಯಿಂದ ಅವರು ನಮಗೆ ಕೆರೆ, ಗುಡಿ, ಅಕ್ಷರ ಬಿಟ್ಟುಹೋದರು. ನಾಳೆಯೇ ಅಂತ್ಯವೆಂದು ಎಣಿಸಿದವನು ಮಗಳಿಗೆ ಏನು ಬಿಟ್ಟ?

ದಕ್ಷಿಣ ಕೊರಿಯಾದಲ್ಲಿ 1992ರ ಅಕ್ಟೋಬರ್ 28ಕ್ಕೆ ಎಲ್ಲರೂ ಮೇಲೇರುವೆವೆಂದು ಸಾರಿದ ಬೋಧಕನೊಬ್ಬನ ಬಳಿ 1995ರಲ್ಲಿ ಪಕ್ವವಾಗುವ ಬಾಂಡುಗಳು ಸಿಕ್ಕವು. ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು. ಆದ್ದರಿಂದ ಮುಂದಿನ ಕರಪತ್ರ ನಿಮ್ಮ ಕೈಗೆ ಬಂದಾಗ, ಜಗಳ ಬೇಡ, ಧರ್ಮನಿಂದೆ ಬೇಡ. ಗೌರವದಿಂದ ಇಷ್ಟೇ ಕೇಳಿರಿ: ಸ್ವಾಮಿ, ನಿಮ್ಮ ಸಭಾಭವನದ ಜಾಗವನ್ನು ಎಷ್ಟು ವರ್ಷದ ಕರಾರಿಗೆ ಹಿಡಿದಿದ್ದೀರಿ? ನಿಮ್ಮ ಸ್ವಂತ ಮಕ್ಕಳು ಯಾವ ಕಾಲೇಜಿನಲ್ಲಿ ಓದುತ್ತಿದ್ದಾರೆ?