ಒಂಟಿ ಕಾಲಿನ ಮೇಲೆ ನಿಂತವನು

ಮೇಜಿಗೆ ನಾಲ್ಕು ಕಾಲು. ತಳ ಅಗಲವಾಗಿರುವುದರಿಂದ ಅದನ್ನು ಉರುಳಿಸುವುದು ಸುಲಭವಲ್ಲ. ಮನುಷ್ಯನಿಗೆ ಎರಡೇ ಕಾಲು. ಆತನ ಗುರುತ್ವಕೇಂದ್ರವೋ ಹೊಕ್ಕುಳಿನ ಆಸುಪಾಸಿನಷ್ಟು ಎತ್ತರದಲ್ಲಿದೆ. ಅಂಥವನು ಒಂದು ಕಾಲನ್ನು ನೆಲದಿಂದ ಎತ್ತಿ, ಎದುರಿಗಿರುವವನ ತಲೆಯ ಎತ್ತರಕ್ಕೆ ಬೀಸಿದನೆನ್ನಿ. ಆ ಕ್ಷಣದಲ್ಲಿ ನೂರು ಕಿಲೋ ತೂಕದ ಆಳಿಗೂ ಆಧಾರವಾಗಿ ಉಳಿಯುವುದು ಒಂದೇ ಒಂದು ಪಾದ. ಆಗ ಯಾರಾದರೂ ಆತನನ್ನು ತಬ್ಬಿ ತಳ್ಳಿದರೆ ಏನಾದೀತು ಎಂಬುದನ್ನು ಎಂಟನೆಯ ತರಗತಿಯ ವಿದ್ಯಾರ್ಥಿಯೂ ಹೇಳಬಲ್ಲ.

ಈ ಒಂಟಿ ಕಾಲಿನ ನಿಲುವಿನಿಂದಲೇ ಜಗತ್ತಿನಲ್ಲಿ ಹೆಸರು ಮಾಡಿ, ಅದೇ ಕಾರಣಕ್ಕೆ ಪೇಚಿಗೆ ಸಿಲುಕಿ, ಅರ್ಧ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದವನು ಕ್ರೊಯೇಷಿಯ ದೇಶದ ಮಿರ್ಕೋ ಫಿಲಿಪೊವಿಚ್. ಕಾದಾಟದ ಕ್ರೀಡೆಗಳನ್ನು ಮೆಚ್ಚದವರೂ ಆತನ ಕತೆಯನ್ನು ಒಮ್ಮೆ ಓದಬಹುದು. ಏಕೆಂದರೆ ಅದು ಹೊಡೆದಾಟಕ್ಕಿಂತ ಹೆಚ್ಚಾಗಿ ಕಲಿಕೆಯ ಕತೆ.

ಪೊಲೀಸನ ಎಡಗಾಲು

ಮಿರ್ಕೋ ಹುಟ್ಟಿದ್ದು 1974ರ ಸೆಪ್ಟೆಂಬರ್ 10ರಂದು, ಆಗಿನ ಯುಗೊಸ್ಲಾವಿಯಕ್ಕೆ ಸೇರಿದ್ದ ವಿಂಕೋವ್ಸಿ ಎಂಬ ಊರಿನಲ್ಲಿ. ಬೆಳೆದದ್ದು ಹತ್ತಿರದ ಪ್ರಿವ್ಲಾಕ ಹಳ್ಳಿಯಲ್ಲಿ. ಆತನಿಗೆ ಹದಿನೇಳು ತುಂಬುವ ಹೊತ್ತಿಗೆ ಯುಗೊಸ್ಲಾವಿಯ ಒಡೆದು ಯುದ್ಧ ಆರಂಭವಾಗಿತ್ತು. ಮುಂದೆ ಆತ ಕ್ರೊಯೇಷಿಯದ ಪೊಲೀಸ್ ಇಲಾಖೆಯ ಲುಚ್ಕೊ ಭಯೋತ್ಪಾದನಾ ನಿಗ್ರಹ ದಳದಲ್ಲಿ ಕೆಲಸಕ್ಕೆ ಸೇರಿದ. ಕ್ರೊಯೇಷಿಯದ ಪೊಲೀಸ್ ಎಂಬುದನ್ನು ಮೊಟಕು ಮಾಡಿ ಜನ ಆತನನ್ನು ‘ಕ್ರೋ ಕಾಪ್’ ಎಂದರು. ಆ ಹೆಸರೇ ನಿಂತಿತು.

ಜಪಾನಿನಲ್ಲಿ 1993ರಲ್ಲಿ ಕೆ-1 ಎಂಬ ಕಿಕ್‌ಬಾಕ್ಸಿಂಗ್ ಪಂದ್ಯಾವಳಿ ಆರಂಭವಾಗಿತ್ತು. ಮೊದಲ ವರ್ಷದ ಕಿರೀಟ ಗೆದ್ದವನೂ ಒಬ್ಬ ಕ್ರೊಯೇಷಿಯನೇ, ಬ್ರಾಂಕೊ ಚಿಕಾಟಿಚ್. 1996ರ ಮಾರ್ಚಿನಲ್ಲಿ ಮಿರ್ಕೋ ಅದೇ ರಿಂಗಿಗೆ ಇಳಿದು ಫ್ರಾನ್ಸಿನ ಜೆರೋಮ್ ಲೆ ಬಾನರನನ್ನು ಸೋಲಿಸಿದ. ಆದರೆ ಕೆಲವೇ ವಾರಗಳಲ್ಲಿ ಹಾಲೆಂಡಿನ ಅರ್ನೆಸ್ಟೊ ಹೋಸ್ಟ್ ಆತನನ್ನು ಮಣಿಸಿದ. ಆತ ಊರಿಗೆ ಮರಳಿ ಹವ್ಯಾಸಿ ಬಾಕ್ಸಿಂಗಿನಲ್ಲಿ ಕೈ ಪಳಗಿಸಿಕೊಂಡ. 1999ರಲ್ಲಿ ಮತ್ತೆ ಬಂದು ಕೆ-1 ಅಂತಿಮ ಪಂದ್ಯದವರೆಗೂ ಏರಿದ. ಅಲ್ಲಿಯೂ ಎದುರಿಗೆ ನಿಂತವನು ಹೋಸ್ಟ್. ಗೆದ್ದವನೂ ಅವನೇ.

ಮಿರ್ಕೋನ ಅಸ್ತ್ರ ಎಡಗಾಲು. ಬಲಗಾಲನ್ನು ಮುಂದಿಟ್ಟು, ಎಡಗಾಲನ್ನು ಹಿಂದಿಟ್ಟು ನಿಲ್ಲುವುದು ಆತನ ಪದ್ಧತಿ. ಮನುಷ್ಯನ ಒಂದು ಕಾಲಿನ ತೂಕ ದೇಹದ ತೂಕದ ಸುಮಾರು ಆರನೇ ಒಂದು ಭಾಗ; ತೋಳಿನ ಸುಮಾರು ಮೂರರಷ್ಟು. ಹಿಂದಿನ ಕಾಲು ಸೊಂಟದ ತಿರುವಿನೊಂದಿಗೆ ದೊಡ್ಡ ಕಂಸದಲ್ಲಿ ಬೀಸಿ ಬರುವುದರಿಂದ ಪಾದ ತಲುಪುವ ಹೊತ್ತಿಗೆ ವೇಗ ಬಹಳ ಹೆಚ್ಚಿರುತ್ತದೆ. ದ್ರವ್ಯರಾಶಿಯೂ ದೊಡ್ಡದು, ವೇಗವೂ ದೊಡ್ಡದು. ಅವೆರಡರ ಗುಣಲಬ್ಧವಾದ ಸಂವೇಗ ಎಷ್ಟಿರಬೇಕು, ನೀವೇ ಊಹಿಸಿ. ಆ ಸಂವೇಗವೆಲ್ಲ ಒಂದು ಕ್ಷಣಾರ್ಧದಲ್ಲಿ ಶೂನ್ಯಕ್ಕೆ ಇಳಿಯುವಾಗ ಹುಟ್ಟುವ ಬಲ ಎದುರಾಳಿಯ ಪಾಲಿಗೆ. ಎಡಗಾಲಿನ ಒದೆತ ಎದುರಾಳಿಯ ಬಲಪಕ್ಕೆಗೆ ಬೀಳುತ್ತದೆ. ಅಲ್ಲಿ ಇರುವುದು ಯಕೃತ್ತು. ತಲೆಗೆ ಬಿದ್ದರಂತೂ, ದ್ರವದಲ್ಲಿ ತೇಲುವ ಮಿದುಳು ಬುರುಡೆಯೊಳಗೆ ತಿರುಚಿಕೊಂಡು ಪ್ರಜ್ಞೆ ತಪ್ಪುತ್ತದೆ. ಬಲಗಾಲು ಬಿದ್ದರೆ ಆಸ್ಪತ್ರೆ, ಎಡಗಾಲು ಬಿದ್ದರೆ ಸ್ಮಶಾನ ಎಂಬ ಮಾತೇ ಆತನ ಹೆಸರಿಗೆ ಅಂಟಿಕೊಂಡಿತು.

ಮತ್ತೆ ಒಂದನೇ ಪಾಠ

2001ರ ಜೂನಿನಲ್ಲಿ ಮೆಲ್ಬರ್ನಿನ ಕೆ-1 ಪಂದ್ಯದಲ್ಲಿ ಕೆನಡದ ಮೈಕೇಲ್ ಮೆಕ್‌ಡೊನಾಲ್ಡ್ ಮೊದಲ ಸುತ್ತಿನಲ್ಲೇ ಮಿರ್ಕೋನನ್ನು ಕೆಡವಿದ. ಅದಾಗಿ ಎರಡೇ ತಿಂಗಳಿಗೆ, ಆಗಸ್ಟ್ 19ರಂದು, ಆತ ಬೇರೊಂದು ಆಟಕ್ಕೆ ಕಾಲಿಟ್ಟ. ಅದು ಮಿಕ್ಸೆಡ್ ಮಾರ್ಷಿಯಲ್ ಆರ್ಟ್ಸ್, ಅಂದರೆ ಮಿಶ್ರ ಸಮರಕಲೆ. ಆಗ ಆತನಿಗೆ ಇಪ್ಪತ್ತಾರು ವರ್ಷ.

ಎರಡು ಆಟಗಳಿಗೂ ಇರುವ ವ್ಯತ್ಯಾಸ ಒಂದೇ ಒಂದು ನಿಯಮದಲ್ಲಿ ಅಡಗಿದೆ. ಕಿಕ್‌ಬಾಕ್ಸಿಂಗಿನಲ್ಲಿ ಎದುರಾಳಿಯನ್ನು ಹಿಡಿದು ನೆಲಕ್ಕೆ ಕೆಡವಿ ಕುಸ್ತಿ ಮಾಡುವಂತಿಲ್ಲ. ಬಿದ್ದವನು ಏಳುವವರೆಗೆ ರೆಫರಿ ಕಾಯುತ್ತಾನೆ. ಮಿಶ್ರ ಸಮರಕಲೆಯಲ್ಲಿ ಕೆಡವಬಹುದು, ಕೆಡವಿದ ಮೇಲೂ ಸೆಣಸಬಹುದು, ಕೈಕಾಲಿನ ಕೀಲುಗಳಿಗೆ ಪಟ್ಟು ಹಾಕಬಹುದು. ಅಂದರೆ ಯಾವ ಒಂಟಿ ಕಾಲಿನ ನಿಲುವು ಮಿರ್ಕೋನ ಶಕ್ತಿಯಾಗಿತ್ತೋ ಅದೇ ಇಲ್ಲಿ ಆತನ ದೌರ್ಬಲ್ಯ. ಕಾಲು ಬದಲಾಗಲಿಲ್ಲ, ಭೌತಶಾಸ್ತ್ರವೂ ಬದಲಾಗಲಿಲ್ಲ. ಪ್ರಶ್ನೆಪತ್ರಿಕೆ ಬದಲಾಯಿತು.

ಮೊದಲ ಎದುರಾಳಿ ಜಪಾನಿನ ಕುಸ್ತಿಪಟು ಕಝುಯುಕಿ ಫುಜಿಟ. ಆತ ಕಾಲಿಗೆ ಕೈ ಹಾಕಲು ತಲೆ ತಗ್ಗಿಸಿ ನುಗ್ಗಿದಾಗ ಮಿರ್ಕೋನ ಮೊಣಕಾಲು ಆತನ ತಲೆಗೆ ತಾಗಿ ರಕ್ತ ಸುರಿಯಿತು. 39 ಸೆಕೆಂಡಿಗೆ ಪಂದ್ಯ ನಿಂತಿತು. ಇದನ್ನು ಅದೃಷ್ಟವೆಂದು ಬಿಟ್ಟುಬಿಡಬಹುದಿತ್ತು. ಆದರೆ ಮಿರ್ಕೋ ಬಿಡಲಿಲ್ಲ. ಕುಸ್ತಿಪಟುಗಳನ್ನು ಕುಸ್ತಿಯಲ್ಲೇ ಸೋಲಿಸುವಷ್ಟು ಕಲಿಯಲು ತನಗೆ ಸಮಯವಿಲ್ಲ ಎಂದು ತಿಳಿದವನಂತೆ ಆತ ಮೊದಲು ಒಂದೇ ವಿದ್ಯೆಯನ್ನು ಗಟ್ಟಿ ಮಾಡಿಕೊಂಡ: ಬೀಳದೆ ಇರುವುದು.

ಎದುರಾಳಿ ಕಾಲಿಗೆ ನುಗ್ಗಿದೊಡನೆ ತನ್ನ ಎರಡೂ ಕಾಲುಗಳನ್ನು ಹಿಂದಕ್ಕೆ ಎಸೆದು, ಸೊಂಟವನ್ನು ತಗ್ಗಿಸಿ, ಮೈಭಾರವನ್ನೆಲ್ಲ ಎದುರಾಳಿಯ ಬೆನ್ನ ಮೇಲೆ ಹೇರಬೇಕು. ಆಗ ತಳ ಅಗಲವಾಗುತ್ತದೆ, ಗುರುತ್ವಕೇಂದ್ರ ಕೆಳಗಿಳಿಯುತ್ತದೆ. ಒಂದು ಕ್ಷಣದ ಮಟ್ಟಿಗೆ ಮನುಷ್ಯ ಮೇಜಾಗುತ್ತಾನೆ. ನುಗ್ಗಿ ಬಂದವನು ಸುಸ್ತಾಗಿ ಏಳುವಾಗ ಎಡಗಾಲು ಕಾದಿರುತ್ತದೆ. ಹೊಸ ವಿಷಯವನ್ನು ಹೀಗೆ ಹಳೆಯ ವಿಷಯದ ರಕ್ಷಣೆಗೆ ನಿಲ್ಲಿಸಿದ್ದೇ ಆತನ ಜಾಣತನ. 2003ರ ಆಗಸ್ಟಿನಲ್ಲಿ ಉಕ್ರೇನಿನ ಹೆಸರಾಂತ ಹೊಡೆತಗಾರ ಇಗೊರ್ ವೊವ್‌ಚಾಂಚಿನ್ ಕೂಡ ಆ ಒಂದು ಒದೆತಕ್ಕೆ ನೆಲ ಕಂಡ.

ಸನ್ನೆಯ ಮುಂದೆ ಸೋತ ಬಲ

ಆದರೆ ಅರ್ಧ ಓದಿದ ಪಾಠ ಪರೀಕ್ಷೆಯಲ್ಲಿ ಕೈ ಕೊಡುತ್ತದೆ. 2003ರ ನವೆಂಬರ್ 9ರಂದು ಟೋಕಿಯೊದಲ್ಲಿ, ಪ್ರೈಡ್ ಎಂಬ ಜಪಾನಿ ಸಂಸ್ಥೆಯ ಹಂಗಾಮಿ ಹೆವಿವೇಟ್ ಪಟ್ಟಕ್ಕಾಗಿ ಬ್ರೆಜಿಲಿನ ಅಂಟೋನಿಯೊ ರೊಡ್ರಿಗೊ ನೊಗೇರನ ಎದುರು ಮಿರ್ಕೋ ನಿಂತ. ಹತ್ತು ನಿಮಿಷದ ಮೊದಲ ಸುತ್ತು ಪೂರ್ತಿ ಮಿರ್ಕೋನದೇ. ಸುತ್ತಿನ ಕೊನೆಯಲ್ಲಿ ಬಿದ್ದ ಒದೆತಕ್ಕೆ ನೊಗೇರ ಕುಸಿದ; ಗಂಟೆ ಬಾರಿಸಿದ್ದರಿಂದ ಉಳಿದ. ಎರಡನೆಯ ಸುತ್ತು ಆರಂಭವಾಗಿ ಎರಡು ನಿಮಿಷ ತುಂಬುವ ಮೊದಲೇ ಆತ ಮಿರ್ಕೋನನ್ನು ನೆಲಕ್ಕೆ ಕೆಡವಿ, ಒಂದು ತೋಳನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿ ಹಿಂದಕ್ಕೆ ಬಾಗಿಸಿದ. ಮಿರ್ಕೋ ಕೈತಟ್ಟಿ ಸೋಲೊಪ್ಪಿದ.

ಇದು ಸನ್ನೆಯ ತತ್ತ್ವ. ತೊಡೆ-ಸೊಂಟದ ಭಾಗ ಆಧಾರ ಬಿಂದು. ಎದುರಾಳಿಯ ಮುಂಗೈ ಉದ್ದನೆಯ ಸನ್ನೆ. ಮಣಿಕಟ್ಟಿನಲ್ಲಿ ಹಾಕಿದ ಅಲ್ಪ ಬಲ ಮೊಣಕೈಯ ಕೀಲಿನಲ್ಲಿ ಹಲವು ಪಟ್ಟಾಗುತ್ತದೆ. ಒಂದು ತೋಳಿನ ಎದುರು ಇಡೀ ದೇಹದ ಶಕ್ತಿ ನಿಲ್ಲುವುದರಿಂದ ಎಂಥ ಬಲಶಾಲಿಯೂ ಕೈತಟ್ಟಲೇಬೇಕು. ತಟ್ಟದಿದ್ದರೆ ಕೀಲು ಹೋಗುತ್ತದೆ. ಸೋಲನ್ನು ಸಕಾಲಕ್ಕೆ ಒಪ್ಪಿಕೊಳ್ಳುವುದು ಈ ಆಟದಲ್ಲಿ ಅವಮಾನವಲ್ಲ.

ಅದೇ ತಿಂಗಳು ನಡೆದ ಚುನಾವಣೆಯಲ್ಲಿ ಮಿರ್ಕೋ ಕ್ರೊಯೇಷಿಯದ ಸಂಸತ್ತಿಗೂ ಆಯ್ಕೆಯಾದ. ಸ್ವಂತ ದೇಶದಲ್ಲಿ ಅಷ್ಟು ದೊಡ್ಡವನಾದವನು ನೆಲದ ಪಾಠವನ್ನು ಮತ್ತೆ ಮೊದಲಿನಿಂದ ಕಲಿಯಲು ಕುಳಿತ. ಬ್ರೆಜಿಲಿನ ಫಾಬ್ರಿಸಿಯೊ ವರ್ಡಮ್ ಎಂಬ ತರುಣ ಜಿಯು-ಜಿಟ್ಸು ಪಟು ಆತನಿಗೆ ಪಟ್ಟುಗಳನ್ನು ಕಲಿಸಿದ. ವರ್ಡಮ್ ವಯಸ್ಸಿನಲ್ಲಿ ಮಿರ್ಕೋನಿಗಿಂತ ಚಿಕ್ಕವನು. 2015ರಲ್ಲಿ ಆತನೇ ಯು.ಎಫ್.ಸಿ. ಹೆವಿವೇಟ್ ಚಾಂಪಿಯನ್ ಆದ.

2004ರ ಎರಡು ಪಂದ್ಯಗಳಲ್ಲಿ ಈ ಕಲಿಕೆಯ ಫಲ ಕಾಣುತ್ತದೆ. ಏಪ್ರಿಲ್‌ನಲ್ಲಿ ಅಮೆರಿಕದ ಕುಸ್ತಿಪಟು ಕೆವಿನ್ ರಾಂಡಲ್‌ಮನ್ ಎರಡು ನಿಮಿಷದೊಳಗೆ ಮಿರ್ಕೋನನ್ನು ಸೋಲಿಸಿದ. ಹೇಗೆ? ಕುಸ್ತಿಯಿಂದಲ್ಲ, ಮುಷ್ಟಿಯ ಹೊಡೆತದಿಂದ! ಡಿಸೆಂಬರ್ 31ರಂದು ಇಬ್ಬರೂ ಮತ್ತೆ ಎದುರಾದರು. ಈ ಬಾರಿ ಮಿರ್ಕೋ 41 ಸೆಕೆಂಡಿನಲ್ಲಿ ಗೆದ್ದ. ಒದೆತದಿಂದಲ್ಲ, ಕತ್ತಿಗೆ ಹಾಕಿದ ಕುಸ್ತಿಯ ಪಟ್ಟಿನಿಂದ. ಇಬ್ಬರೂ ಇನ್ನೊಬ್ಬರ ವಿಷಯದಲ್ಲಿ ಪಾಸಾಗಿದ್ದರು.

2005ರ ಆಗಸ್ಟಿನಲ್ಲಿ ರಷ್ಯದ ಫಿಯೋಡರ್ ಎಮೆಲಿಯಾನೆಂಕೊನ ಎದುರು ಮೂರು ಸುತ್ತು ಸೆಣಸಿ ತೀರ್ಪಿನಲ್ಲಿ ಸೋತರೂ, ಮರುವರ್ಷ ಮಿರ್ಕೋನ ದಿನ ಬಂತು. ತೂಕದ ಮಿತಿಯಿಲ್ಲದ ಪ್ರೈಡ್ ಪಂದ್ಯಾವಳಿಯಲ್ಲಿ, 1992ರ ಬಾರ್ಸಿಲೋನ ಒಲಿಂಪಿಕ್ಸಿನ ಜೂಡೊ ಸ್ವರ್ಣ ವಿಜೇತ ಹಿದೆಹಿಕೊ ಯೊಷಿದನನ್ನು ಕಾಲಿನ ಒದೆತಗಳಿಂದ ಕೂರಿಸಿದ. 2006ರ ಸೆಪ್ಟೆಂಬರ್ 10ರಂದು, ತನ್ನ 32ನೇ ಹುಟ್ಟುಹಬ್ಬದ ದಿನ, ಒಂದೇ ಸಂಜೆ ವಾಂಡರ್ಲೇ ಸಿಲ್ವ ಮತ್ತು ಜಾಷ್ ಬಾರ್ನೆಟ್ ಇಬ್ಬರನ್ನೂ ಸೋಲಿಸಿ ಕಿರೀಟ ಗೆದ್ದ.

ತನ್ನ ಅಸ್ತ್ರ ತನಗೇ

ಗೆದ್ದ ಮೇಲೆ ಮತ್ತೊಂದು ಹೊಸ ಶಾಲೆ. 2007ರಲ್ಲಿ ಆತ ಅಮೆರಿಕದ ಯು.ಎಫ್.ಸಿ. ಸೇರಿದ. ಅಲ್ಲಿ ಹಗ್ಗದ ರಿಂಗ್ ಬದಲು ತಂತಿಬಲೆಯ ಎಂಟು ಮೂಲೆಯ ಅಖಾಡ. ಪ್ರೈಡ್‌ನಲ್ಲಿ ನಿಷಿದ್ಧವಾಗಿದ್ದ, ತಲೆಗೆ ಮೊಣಕೈಯಿಂದ ಹೊಡೆಯುವ ಅವಕಾಶವೂ ಉಂಟು. ಏಪ್ರಿಲ್ 21ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎದುರಾದವನು ಬ್ರೆಜಿಲಿನ ಗೇಬ್ರಿಯಲ್ ಗೊನ್ಜಾಗ, ನೆಲದ ಪಟ್ಟುಗಳಲ್ಲಿ ಪಳಗಿದವನು. ಆತ ಮಿರ್ಕೋನನ್ನು ಕೆಡವಿ ಮೊಣಕೈಯಿಂದ ಜಜ್ಜಿದ. ರೆಫರಿ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದ. ನಿಂತ ಮೇಲೆ ಎಲ್ಲರೂ ಮಿರ್ಕೋನ ಎಡಗಾಲನ್ನು ನೋಡುತ್ತಿರುವಾಗ ಗೊನ್ಜಾಗನ ಬಲಗಾಲು ಮೇಲೆದ್ದು ಮಿರ್ಕೋನ ತಲೆಗೆ ಬಡಿಯಿತು. ಪ್ರಜ್ಞೆ ತಪ್ಪಿದ ಮಿರ್ಕೋ ಕಾಲು ಮಡಚಿಕೊಂಡು ಕುಸಿದ.

ಅಲ್ಲಿಂದ ಇಳಿಗಾಲ. 2011ರ ಅಕ್ಟೋಬರ್ ಹೊತ್ತಿಗೆ ಸತತ ಮೂರು ಸೋಲುಂಡು ಆತ ಯು.ಎಫ್.ಸಿ. ಬಿಟ್ಟ. ಹಳೆಯ ಆಟಕ್ಕೆ ಮರಳಿ, 2013ರ ಮಾರ್ಚಿನಲ್ಲಿ ಜಾಗ್ರೆಬ್ ನಗರದಲ್ಲಿ, ಸ್ವಂತ ಜನರೆದುರು, 38ನೇ ವಯಸ್ಸಿನಲ್ಲಿ ಕೆ-1 ಕಿರೀಟ ಗೆದ್ದ. 1999ರಲ್ಲಿ ಕೈತಪ್ಪಿದ್ದು ಹದಿಮೂರು ವರ್ಷ ಕಳೆದ ಮೇಲೆ ದಕ್ಕಿತು.

2015ರ ಏಪ್ರಿಲ್ 11ರಂದು ಪೋಲೆಂಡಿನ ಕ್ರಾಕೋವ್‌ನಲ್ಲಿ ಗೊನ್ಜಾಗನೇ ಮತ್ತೆ ಎದುರಾದ. ಮೊದಲೆರಡು ಸುತ್ತು ಗೊನ್ಜಾಗನ ಕೈ ಮೇಲಾಗಿತ್ತು. ಮೂರನೆಯ ಸುತ್ತಿನಲ್ಲಿ ಮಿರ್ಕೋನ ಮೊಣಕೈ ಆತನ ಮುಖಕ್ಕೆ ತಾಗಿತು. ಆತ ನೆಲಕ್ಕುರುಳಿದ ಮೇಲೂ ಮೊಣಕೈಯ ಏಟುಗಳು ನಿಲ್ಲಲಿಲ್ಲ. ರೆಫರಿ ಪಂದ್ಯ ನಿಲ್ಲಿಸಿದ. ಎಂಟು ವರ್ಷದ ಹಿಂದೆ ಯಾವ ನೆಲದ ಮೇಲೆ, ಯಾವ ಮೊಣಕೈಯಿಂದ ಪೆಟ್ಟು ತಿಂದಿದ್ದನೋ ಅದೇ ಪಾಠವನ್ನು ನಲವತ್ತರ ಮಿರ್ಕೋ ಒಪ್ಪಿಸಿದ್ದ.

ದೇಹ ಇಡುವ ಲೆಕ್ಕ

ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತದೆ. ಆದರೆ ಅದು ಪೂರ್ತಿ ಸತ್ಯವಾಗದು. ಅದೇ ವರ್ಷದ ನವೆಂಬರಿನಲ್ಲಿ, ಭುಜದ ಗಾಯ ಬೇಗ ಮಾಯಲೆಂದು ಬೆಳವಣಿಗೆಯ ಹಾರ್ಮೋನನ್ನು ಬಳಸಿದ್ದಾಗಿ ಆತ ಒಪ್ಪಿಕೊಂಡ. ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ಎರಡು ವರ್ಷದ ನಿಷೇಧ ಹೇರಿತು. ಈ ಹಾರ್ಮೋನು ಮಿದುಳಿನ ಕೆಳಗಿರುವ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿಯಲ್ಲಿ ತಾನಾಗಿಯೇ ಸ್ರವಿಸುತ್ತದೆ. ಕೊರತೆಯಿರುವ ಮಕ್ಕಳಿಗೆ ವೈದ್ಯರು ಅಳತೆ ಮಾಡಿ ಕೊಡುತ್ತಾರೆ. ಕೊರತೆಯಿಲ್ಲದವರು ಚುಚ್ಚಿಸಿಕೊಂಡರೆ ಕೀಲುನೋವು, ಊತ, ರಕ್ತದಲ್ಲಿ ಸಕ್ಕರೆಯ ಏರಿಕೆಯಂಥ ತೊಂದರೆಗಳಿಗೆ ದಾರಿ. ಗಾಯಕ್ಕೆಂದು ತೆಗೆದುಕೊಂಡರೂ ನಿಯಮ ನಿಯಮವೇ. ಒಪ್ಪಿಕೊಂಡದ್ದು ಆತನ ಲೆಕ್ಕಕ್ಕೆ, ಬಳಸಿದ್ದೂ ಆತನ ಲೆಕ್ಕಕ್ಕೆ.

ಆ ಬಳಿಕವೂ ಆತ ಜಪಾನಿಗೆ ಹೋಗಿ 2016ರ ಡಿಸೆಂಬರಿನಲ್ಲಿ ರಿಜಿನ್ ಪಂದ್ಯಾವಳಿಯನ್ನು ಗೆದ್ದ. 2019ರ ಫೆಬ್ರವರಿ 16ರಂದು ಅಮೆರಿಕದಲ್ಲಿ ರಾಯ್ ನೆಲ್ಸನ್‌ನನ್ನು ಸೋಲಿಸಿದ. ಎರಡು ವಾರ ತುಂಬುವ ಮೊದಲೇ, ಅಭ್ಯಾಸದ ವೇಳೆ ಆತನಿಗೆ ಮಿದುಳಿನ ಆಘಾತವಾದ ಸುದ್ದಿ ಬಂತು. ಆತ ನಿವೃತ್ತಿ ಘೋಷಿಸಿದ. ಮಿಶ್ರ ಸಮರಕಲೆಯಲ್ಲಿ 38 ಗೆಲುವು, 11 ಸೋಲು, 2 ಸಮ. ಅಂಕಪಟ್ಟಿ ಅಲ್ಲಿಗೆ ಮುಗಿಯಿತು.

ಇದರಿಂದ ವಿದ್ಯಾರ್ಥಿಗಳು ತೆಗೆದುಕೊಳ್ಳಬಹುದಾದದ್ದು ಏನು? ಹೊಸ ವಿಷಯಕ್ಕೆ ಹೋದವನಿಗೆ ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಹಳೆಯ ಜಾಣತನ ಸುಳ್ಳೆಂದು ಅರ್ಥವಲ್ಲ. ನಿಯಮ ಬದಲಾಗಿದೆ, ಅಷ್ಟೆ. ತನ್ನಲ್ಲಿ ಇರುವುದನ್ನು ಬಿಡದೆ, ಇಲ್ಲದಿರುವುದು ಯಾವುದೆಂದು ಗುರುತಿಸಿ, ಅದನ್ನು ಬಲ್ಲವರು ತನಗಿಂತ ಚಿಕ್ಕವರಾದರೂ ಕೇಳಿ ಕಲಿಯಬೇಕು.

ಪಾಲಕರಿಗೂ ಒಂದು ಮಾತುಂಟು. ಇಂದು ಅನೇಕ ಊರುಗಳಲ್ಲಿ ಮಕ್ಕಳಿಗೆ ಇಂಥ ಕಲೆಗಳನ್ನು ಕಲಿಸುವ ತರಗತಿಗಳಿವೆ. ಮಗ ಅಥವಾ ಮಗಳು ಸೇರುತ್ತೇನೆಂದರೆ ಗದರಿ ಸುಮ್ಮನಾಗಿಸುವ ಬದಲು ಒಂದು ದಿನ ಹೋಗಿ ಕುಳಿತು ನೋಡಿ. ಚಿಕ್ಕ ಮಕ್ಕಳ ತಲೆಗೆ ಹೊಡೆಯಲು ಬಿಡುತ್ತಾರೆಯೇ? ಪೆಟ್ಟಾಗಿ ತಲೆ ಸುತ್ತಿದ ಮಗುವನ್ನು ಅಂದೇ ಮತ್ತೆ ಆಡಿಸುತ್ತಾರೆಯೇ, ವೈದ್ಯರಲ್ಲಿಗೆ ಕಳಿಸುತ್ತಾರೆಯೇ? ಪುಡಿ, ಮಾತ್ರೆ, ಚುಚ್ಚುಮದ್ದಿನ ಮಾತು ಬರುತ್ತದೆಯೇ? ಎಲ್ಲಕ್ಕಿಂತ ಮೊದಲು, ಮಕ್ಕಳಿಗೆ ಮೊದಲ ದಿನ ಏನು ಕಲಿಸುತ್ತಾರೆಂದು ಗಮನಿಸಿ. ನೋವಾಗದಂತೆ ಬೀಳುವುದನ್ನು ಕಲಿಸುವವರಾದರೆ ನಿಶ್ಚಿಂತೆಯಿಂದ ಮುಂದಿನ ಪ್ರಶ್ನೆ ಕೇಳಬಹುದು. ಮೊದಲ ದಿನವೇ ತಲೆಯೆತ್ತರಕ್ಕೆ ಕಾಲೆತ್ತಿಸುವವರಾದರೆ ಮಗುವಿನ ಕೈ ಹಿಡಿದು ಮನೆಗೆ ಬರುವುದು ಲೇಸು.